ಚಪ್ಪಲಿ ನೋಡಿ ಬೀಗ ಹಾಕುತ್ತಿದ್ದ ತಾಯಣ್ಣ

ನಮ್ಮ ಮಾನ್ವಿಯ ಪಾರ್ಕಿನಲ್ಲಿ ಹಸಿರು ಹುಲ್ಲಿದೆ ಎಂದರೆ ರಾಯಚೂರಿನ ನೆಂಟರು ನಗುತ್ತಾರೆ. ನಗಲಿ ಬಿಡಿ. ಏಪ್ರಿಲ್ ಬಂತೆಂದರೆ ಗೋಡೆ ಮುಟ್ಟಿದರೂ ಕೈ ಸುಡುವ ಊರಿದು. ಇಲ್ಲಿ ಹುಲ್ಲು ಬೆಳೆಸುವುದು ಹುಡುಗಾಟವಲ್ಲ. ಬೆಳೆಸಿದವನು ತಾಯಣ್ಣ, ಪಾರ್ಕಿನ ಕಾವಲುಗಾರ. ಕಲ್ಲೂರಿನವನು, ಅರವತ್ತರ ಆಸುಪಾಸು. ಹೊಲದ ಕೂಲಿ, ಗಾರೆ ಕೆಲಸ ಎಲ್ಲ ಮಾಡಿ ಕೊನೆಗೆ ಗುತ್ತಿಗೆಯ ಮೇಲೆ ಇಲ್ಲಿಗೆ ಬಂದ. ಅವನು ಬಂದಾಗ ಪಾರ್ಕಿನಲ್ಲಿ ಇದ್ದದ್ದು ಜಾಲಿ ಕಂಟಿ, ಹರಿದ ಜೋಕಾಲಿ, ಮಕ್ಕಳು ತೂರಿ ಆಡಲೆಂದು ಯಾರೋ ಬಣ್ಣ ಬಳಿದು ಮೂಲೆಯಲ್ಲಿ ಮಲಗಿಸಿದ್ದ ಒಂದು ದೊಡ್ಡ ಸಿಮೆಂಟ್ ಪೈಪು. ಕಂಟಿ ಕಿತ್ತ, ಜೋಕಾಲಿಗೆ ಸರಪಳಿ ಹಾಕಿಸಿದ, ಹುಲ್ಲು ನೆಟ್ಟ. ಬೋರಿನ ನೀರು ನಿಂತ ದಿನ ಟ್ಯಾಂಕರಿನವನ ಕಾಲು ಹಿಡಿದಾದರೂ ಅದಕ್ಕೆ ನೀರುಣಿಸಿದ.

ನಾನು ಶಶಿಕಲಾ, ಹೈಸ್ಕೂಲಿನ ಪಿ.ಟಿ. ಟೀಚರ್. ವರ್ಷಗಟ್ಟಲೆ ಸೀಟಿ ಊದಿ ಊದಿ ನನ್ನ ದನಿಯೇ ಸೀಟಿಯಾಗಿದೆ ಎಂದು ಮನೆಯವರು ಆಡಿಕೊಳ್ಳುತ್ತಾರೆ. ಶಿಸ್ತಿಲ್ಲದವರನ್ನು ಕಂಡರೆ ನನಗಾಗದು. ಅದಕ್ಕೇ ತಾಯಣ್ಣ ಎಂದರೆ ನನಗೆ ಮೊದಲಿನಿಂದಲೂ ಬಹಳ ಮೆಚ್ಚುಗೆ. ಪಾರ್ಕಿಗೆ ಯಾರೇ ಬರಲಿ, ಚಪ್ಪಲಿಯನ್ನು ಗೇಟಿನ ಪಕ್ಕದ ಬೇವಿನ ಬುಡದಲ್ಲಿ ಬಿಟ್ಟೇ ಒಳಗೆ ಹೋಗಬೇಕು. ಬೂಟು ಹಾಕಿಕೊಂಡು ಬಂದ ಸಾಹೇಬರಿಗೂ ಅದೇ ಮಾತು: "ಕಾಲಾಗಿಂದು ತೆಗೀರಿ ಸಾಹೇಬ್ರ, ಹುಲ್ಲಿಗೂ ಜೀವ ಅದ."

ಬೆಳಗಿನ ವಾಕಿಂಗಿಗೆ ಬರುವವರಲ್ಲಿ ಹೆಂಗಸರೇ ಹೆಚ್ಚು, ಅದರಲ್ಲಿ ಅರ್ಧಕ್ಕರ್ಧ ಬುರ್ಖಾದವರು. ಹೆಣ್ಣುಮಕ್ಕಳ ಮುಖ ದಿಟ್ಟಿಸುವುದು ಮರ್ಯಾದೆಯಲ್ಲ ಎಂದು ತಾಯಣ್ಣ ನೆಲ ನೋಡಿಯೇ ಮಾತಾಡುತ್ತಿದ್ದ. ಅವನಿಗೆ ಜನರ ಗುರುತು ಸಿಗುತ್ತಿದ್ದದ್ದು ಚಪ್ಪಲಿಯಿಂದ. ಬಿಸಿಲೇರಿ ಗೇಟು ಮುಚ್ಚುವ ಹೊತ್ತಿಗೂ ಅವನು ಪಾರ್ಕು ಸುತ್ತುತ್ತಿರಲಿಲ್ಲ. ಗಿಡದ ಮರೆಯಲ್ಲಿ ನಕಾಬು ಸರಿಸಿ ಗಾಳಿಗೆ ಕೂತ ಹೆಂಗಸರಿಗೆ ಮುಜುಗರವಾದೀತು ಎಂದು. ಬೇವಿನ ಬುಡ ನೋಡುತ್ತಿದ್ದ. ಚಪ್ಪಲಿ ಇದ್ದರೆ ಜನ ಇದ್ದಾರೆ, ಕಾಯುತ್ತಿದ್ದ. ಬುಡ ಖಾಲಿಯಾದರೆ ಬೀಗ. ಮತ್ತೆ ತೆರೆಯುತ್ತಿದ್ದದ್ದು ಸಂಜೆ ತಂಪಾದ ಮೇಲೆಯೇ. ಈ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ, ನಾನೇ ಸಾಕ್ಷಿ.

ಮಕ್ಕಳಿಗೆ ಮಾತ್ರ ಅವನೆಂದರೆ ನಡುಕ. ಹೊಸದಾಗಿ ನೆಟ್ಟ ಹುಲ್ಲನ್ನು ತುಳಿದವರು, ಗೇಟು ಮುಚ್ಚುವ ಹೊತ್ತಿಗೆ ಒಳಗೆ ಸಿಕ್ಕವರು ಯಾರಾದರೂ ಸರಿ, "ಯಾರಲೇ ಅದು, ಕಾಲು ಮುರೀತೀನಿ ನೋಡು" ಎಂದು ಗುಡುಗುತ್ತಿದ್ದ. ಒಂದು ಮಗುವಿನ ಮೇಲೂ ಅವನು ಕೈ ಮಾಡಿದವನಲ್ಲ. ದನಿಯೇ ಸಾಕಿತ್ತು. ನನ್ನ ಎಂಟನೇ ಕ್ಲಾಸಿನ ಪುಂಡರೂ ಬಾಲ ಮುದುರಿಕೊಂಡು ಓಡುವುದನ್ನು ನೋಡಿ ನಾನು ಹೊಟ್ಟೆ ತುಂಬ ನಕ್ಕಿದ್ದೇನೆ.

ಹೋದ ವರ್ಷದ ಮೇ ತಿಂಗಳು. ಮಾರುಕಟ್ಟೆಯಲ್ಲಿ ಹಣ್ಣು ಮಾರುವ ಖಾಜಾಮಿಯಾನ ಹೆಂಡತಿ ಬಡೇಬೀ ಸಕ್ಕರೆ ಕಾಯಿಲೆಗೆಂದು ದಿನಾ ವಾಕಿಂಗಿಗೆ ಬರುತ್ತಿದ್ದಳು. ಅವತ್ತು ಸೊಸೆ ಆತಿಯಾಳೂ ನಾಲ್ಕು ವರ್ಷದ ಮೊಮ್ಮಗಳು ಜೋಯಾಳೂ ಜೊತೆಗಿದ್ದರು. ಆತಿಯಾ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಗಿರಾಕಿಯ ಫೋನು ಬಂತೆಂದು ನಡುವೆಯೇ ಹೊರಟಳು, ಮಗಳು ಅತ್ತೆಯ ಹತ್ತಿರ ಇದ್ದಾಳೆ ಎಂಬ ಧೈರ್ಯದಿಂದ. ಬಡೇಬೀ ಸುತ್ತು ಮುಗಿಸಿ ಬೇವಿನ ಬುಡಕ್ಕೆ ಬಂದಾಗ ಸೊಸೆಯೂ ಇಲ್ಲ, ಮಗುವೂ ಇಲ್ಲ. ಮಗುವಿನ ಕೆಂಪು ಚಪ್ಪಲಿ ಮಾತ್ರ ಇವೆ. ಆತಿಯಾ ಎಲ್ಲಿಗೆ ಹೋದರೂ ಮಗಳನ್ನು ಸೊಂಟದ ಮೇಲೆ ಏರಿಸಿಕೊಂಡೇ ಹೋಗುವವಳು. ಎತ್ತಿಕೊಂಡು ಹೋಗುವ ಅವಸರದಲ್ಲಿ ಚಪ್ಪಲಿ ಮರೆತಿದ್ದಾಳೆ ಎಂದುಕೊಂಡು ಬಡೇಬೀ ಅವನ್ನು ಕೈಚೀಲಕ್ಕೆ ಹಾಕಿಕೊಂಡು ನೇರ ಗಂಡನ ಅಂಗಡಿಗೆ ಹೋದಳು. ತಾಯಣ್ಣ ಬುಡ ನೋಡಿದ. ಖಾಲಿ. ಬೀಗ ಹಾಕಿದ.

ಮಗು ಒಳಗೇ ಇತ್ತು, ಸಿಮೆಂಟ್ ಪೈಪಿನಲ್ಲಿ. ಇದು ನಮಗೆ ಗೊತ್ತಾದದ್ದು ತಡವಾಗಿ.

ಮಧ್ಯಾಹ್ನ ನನ್ನ ಸ್ಕೂಟಿ ಪಂಕ್ಚರಾಗಿ ಮೇನ್ ರೋಡಿನ ಜಗದೀಶನ ಅಂಗಡಿ ಮುಂದೆ ಕೂತಿದ್ದೆ. ತಾಯಣ್ಣ ಅಲ್ಲೇ ತಗಡಿನ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದ. ಆತಿಯಾ ಓಡುತ್ತ ಬಂದಳು. ತಲೆಯ ಮೇಲಿನ ಸೆರಗು ಜಾರಿದ್ದರ ಪರಿವೆಯೂ ಅವಳಿಗಿರಲಿಲ್ಲ.

"ತಾಯಣ್ಣಾರೀ, ನಮ್ಮ ಜೋಯಾ ಪಾರ್ಕಿನ್ಯಾಗ ಉಳದಾಳೇನ್ರೀ? ನಾ ಅತ್ತಿ ಕಡೆ ಅದಾಳ ಅಂದ್ಕೊಂಡಿದ್ದೆ, ಅತ್ತಿ ನನ್ನ ಕಡೆ ಅದಾಳ ಅಂದ್ಕೊಂಡಾರ."

"ಇಲ್ಲ ಯವ್ವಾ, ಪಾರ್ಕಿನ್ಯಾಗ ಯಾರೂ ಇಲ್ಲ."

"ಖರೇನ ನೋಡೀರೇನ್ರೀ?"

"ನೋಡೇ ಬೀಗ ಹಾಕೀನಿ. ಬೇವಿನ ಬುಡಕ ಒಂದೂ ಚಪ್ಪಲಿ ಇರ್ಲಿಲ್ಲ. ಕೂಸು ಹೊರಗ ಹೋಗಿ ದಾರಿ ತಪ್ಪೇದ. ಬರ್ರಿ, ಬಸ್‌ಸ್ಟ್ಯಾಂಡ್ ಕಡೆ ನೋಡೂಣು."

ಅಷ್ಟು ಖಡಾಖಂಡಿತವಾಗಿ ಹೇಳಿದ ಮೇಲೆ ಮುಗಿಯಿತು. ಊರಿನಲ್ಲಿ ಯಾರ ಮಾತನ್ನು ನಂಬದಿದ್ದರೂ ತಾಯಣ್ಣನ ಬೀಗವನ್ನು ನಂಬುವವರು ನಾವು. ಎಲ್ಲರೂ ಪಾರ್ಕಿಗೆ ಬೆನ್ನು ಹಾಕಿ ಓಡಿದೆವು.

ತಾಯಣ್ಣ ಬುತ್ತಿಯನ್ನು ಹಾಗೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೋದ. ನಿಂತ ಬಸ್ಸುಗಳ ಅಡಿಗೆ ಬಗ್ಗಿ ಬಗ್ಗಿ ನೋಡಿದನಂತೆ. ನಾನು ಜಗದೀಶನ ಗಾಡಿ ಇಸಿದುಕೊಂಡು ಆತಿಯಾಳನ್ನು ಹಿಂದೆ ಕೂರಿಸಿಕೊಂಡು ಕಾಲುವೆಯ ದಂಡೆಗೆ ಹೋದೆ. ಕುಡಿಯುವ ನೀರಿಗೆಂದು ಆ ವಾರ ಕಾಲುವೆಗೆ ನೀರು ಬಿಟ್ಟಿದ್ದರು. ಅವಳು ನೀರನ್ನೇ ನೋಡುತ್ತಿದ್ದಳು. ನಾನು, "ಏನೂ ಆಗಿರಂಗಿಲ್ಲ, ಸುಮ್ನಿರು" ಎನ್ನುತ್ತಲೇ ಇದ್ದೆ.

ಅಷ್ಟರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಫೋನುಗಳಲ್ಲಿ ಹಬ್ಬಿತ್ತು. ನಾವು ವಾಪಸ್ ಬರುವಾಗ ಹುಡುಗರ ಗುಂಪೊಂದು ಚಾದರ ಮಾರುವ ಪರವೂರಿನವನೊಬ್ಬನ ಕೊರಳಪಟ್ಟಿ ಹಿಡಿದು ಜಗ್ಗಾಡುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಗಾಡಿ ನಿಲ್ಲಿಸಿ ನಡುವೆ ನುಗ್ಗಿದೆ.

"ಬಿಡ್ರಲೇ ಅವನ್ನ. ಕೈಗೆ ಕೆಲಸ ಬೇಕಂದ್ರ ಓಣಿ ಓಣಿ ಹುಡುಕ್ರಿ, ಕೂಸು ಸಿಗಬೇಕಾಗೇದ ನಮಗ."

ಅದರಲ್ಲಿ ಇಬ್ಬರು ನನ್ನ ಹಳೇ ವಿದ್ಯಾರ್ಥಿಗಳು. ತಲೆ ತಗ್ಗಿಸಿ ಸರಿದರು. ಆ ಬಡಪಾಯಿ ಚಾದರಗಳನ್ನು ಎತ್ತಿಕೊಂಡು ಹೊರಟುಹೋದ.

ಪಂಕ್ಚರ್ ಅಂಗಡಿಯ ಹತ್ತಿರ ಬಡೇಬೀ ನೆಲದ ಮೇಲೆ ಕುಸಿದು ಕೂತಿದ್ದಳು. ಖಾಜಾಮಿಯಾ ಪಕ್ಕದಲ್ಲಿ ನಿಂತು ಯಾರು ಯಾರಿಗೋ ಫೋನು ಮಾಡುತ್ತಿದ್ದ. ತಾಯಣ್ಣ ಬಸ್‌ಸ್ಟ್ಯಾಂಡಿನಿಂದ ಬಂದ, ಮೈಯೆಲ್ಲ ಬೆವರು.

"ದೇವದುರ್ಗದ ಬಸ್ ಹೊಂಟದ. ಕಂಡಕ್ಟರ್‌ಗೆ ಗುರುತು ಹೇಳಬೇಕು. ಅಂಗಿ ಯಾವ ಬಣ್ಣದ್ದು? ಕಾಲಾಗ ಏನು ಹಾಕಿದ್ಲು?" ಎಂದು ನೆಲ ನೋಡುತ್ತ ಬಡೇಬೀಯನ್ನು ಕೇಳಿದ.

"ಹಳದಿ ಫ್ರಾಕ್. ಕಾಲಾಗ ಏನಿಲ್ಲ. ಚಪ್ಪಲಿ ನನ್ನ ಹತ್ರನೇ ಅದಾವ," ಎಂದು ಬಡೇಬೀ ಕೈಚೀಲದಿಂದ ಆ ಕೆಂಪು ಚಪ್ಪಲಿಗಳನ್ನು ತೆಗೆದಳು. "ಬೇವಿನ ಗಿಡದ ತಳಗ ಬಿಟ್ಟಿದ್ಲು. ನಾನೇ ತಂದೆ."

ತಾಯಣ್ಣ ಚಪ್ಪಲಿ ನೋಡಿದ. ಮೊದಲ ಸಲ ಕತ್ತೆತ್ತಿ ಬಡೇಬೀಯ ಮುಖ ನೋಡಿದ. ಮರುಕ್ಷಣ ಪಾರ್ಕಿನ ಕಡೆ ಓಡತೊಡಗಿದ. ಆ ವಯಸ್ಸಿನವನು ಹಾಗೆ ಓಡುವುದನ್ನು ನಾನು ನೋಡಿಲ್ಲ. ನನಗೂ ಆಗಲೇ ಅರ್ಥವಾಯಿತು. ನಾನು ಹಿಂದೆ, ಆತಿಯಾ ನನ್ನ ಹಿಂದೆ.

ಗೇಟಿನಲ್ಲಿ ಅವನ ಕೈಗೆ ಬೀಗದ ತೂತೇ ಸಿಗುತ್ತಿಲ್ಲ. ಕೀಲಿ ಎರಡು ಸಲ ಮಣ್ಣಿಗೆ ಬಿತ್ತು. ನಾನು ಸೀರೆ ಎತ್ತಿ ಕಟ್ಟಿ ಗೇಟು ಹತ್ತಿದೆ. ಕಬ್ಬಿಣ ಕೆಂಡವಾಗಿತ್ತು. ಆಚೆ ಧುಮುಕಿ, "ಜೋಯಾ, ಜೋಯಾ" ಎಂದು ಕೂಗಿದೆ. ಉತ್ತರವಿಲ್ಲ. ಜೋಕಾಲಿ, ಗಿಡದ ಮರೆ, ಎಲ್ಲಿಯೂ ಇಲ್ಲ. ಅಷ್ಟರಲ್ಲಿ ಬೀಗ ತೆಗೆದು ಬಂದ ತಾಯಣ್ಣ ನನ್ನನ್ನು ದಾಟಿ ಹೊಸ ಹುಲ್ಲನ್ನು ತುಳಿದುಕೊಂಡೇ ಪೈಪಿನತ್ತ ಹೋದ, ಮಂಡಿಯೂರಿ ಒಳಗೆ ತೂರಿದ.

ಹೊರಗೆ ತಂದಾಗ ಮಗುವಿನ ಮೈ ಕಾದ ಹಂಚು. ಬೆವರಿಲ್ಲ. ಕಣ್ಣು ಅರ್ಧ ತೆರೆದಿದೆ, ಯಾರನ್ನೂ ನೋಡುತ್ತಿಲ್ಲ. ತಾಯಣ್ಣ ಬಾಟಲಿಯ ನೀರನ್ನು ಬಾಯಿಗೆ ಹನಿಸಲು ಹೋದ.

"ಬಾಯಿಗೆ ಬ್ಯಾಡ. ಎಚ್ಚರಿಲ್ಲ, ಉಸಿರಿಗೆ ಹೋಗ್ತದ. ಮೈಮ್ಯಾಲೆ ಹಾಕು," ಎಂದು ಅವನ ಕೈ ಹಿಡಿದೆ.

ಬೇವಿನ ನೆರಳಿಗೆ ಮಲಗಿಸಿದೆವು. ತಾಯಣ್ಣ ಮೋಟರು ಹಾಕಿ ಹುಲ್ಲಿಗೆ ಬಿಡುವ ರಬ್ಬರ್ ಪೈಪು ಎಳೆದು ತಂದ. ಬಿಸಿಲಿಗೆ ಬಿದ್ದಿದ್ದ ಪೈಪು, ಮೊದಲು ಬಂದದ್ದು ಕುದಿವ ನೀರು. ಅದನ್ನು ತನ್ನ ಕಾಲ ಮೇಲೆಯೇ ಬಿಟ್ಟುಕೊಳ್ಳುತ್ತ ನಿಂತ. ತಣ್ಣಗಾಯಿತಾ, ತಣ್ಣಗಾಯಿತಾ ಎಂದು ಆತಿಯಾ ಅರಚುತ್ತಿದ್ದಳು. ಆದ ಮೇಲೆ ಮಗುವನ್ನು ತೋಯಿಸಿದೆವು. ನನ್ನ ಸೆರಗು ನೆನೆಸಿ ಸುತ್ತಿದೆ. ಖಾಜಾಮಿಯಾ ಆಟೋ ತಂದ. ದವಾಖಾನೆ ಮುಟ್ಟುವವರೆಗೆ ಆತಿಯಾ ಮಗಳ ಮುಖಕ್ಕೆ ಗಾಳಿ ಊದುತ್ತಲೇ ಇದ್ದಳು.

ಇನ್ನು ಸ್ವಲ್ಪ ತಡವಾಗಿದ್ದರೆ ಕೈ ಮೀರುತ್ತಿತ್ತು ಎಂದು ಡಾಕ್ಟರು ಹೇಳಿದರು. ಸಂಜೆಯವರೆಗೂ ಏನೂ ಹೇಳಲಾಗದು ಎಂದೂ ಹೇಳಿದರು. ಹೊರಗೆ ಬಂದ ಖಾಜಾಮಿಯಾ ಮೆಟ್ಟಿಲ ಹತ್ತಿರ ನಿಂತಿದ್ದ ತಾಯಣ್ಣನ ಕೆನ್ನೆಗೆ ಬಾರಿಸಿದ. ತಾಯಣ್ಣ ಕದಲಲಿಲ್ಲ. "ಹೊಡೀರಿ ಸಾಬ್ರ, ಇನ್ನಾ ಹೊಡೀರಿ" ಎಂದ. ನಾನು ಬಿಡಿಸಲು ಹೋಗಲಿಲ್ಲ. ನನಗೂ ಅವನ ಮೇಲೆ ಅಷ್ಟೇ ಸಿಟ್ಟು ಬಂದಿತ್ತು. ಖಾಜಾಮಿಯಾನೇ ಸೋತು ಮೆಟ್ಟಿಲ ಮೇಲೆ ಕೂತು ಮುಖ ಮುಚ್ಚಿಕೊಂಡ. ತಾಯಣ್ಣ ಅವನ ಪಕ್ಕದಲ್ಲೇ ಕೂತ.

ಹೊತ್ತು ಮುಳುಗುವ ಮುಂಚೆ ಜೋಯಾ ಕಣ್ಣು ಬಿಟ್ಟಳು. ಅಮ್ಮಿ ಎಂದಳು, ನೀರು ಕೇಳಿದಳು, ಸೂಜಿ ಚುಚ್ಚಿದ್ದಕ್ಕೆ ನರ್ಸನ್ನು ನೋಡಿ ಅತ್ತಳು. ನಮಗೆಲ್ಲ ಜೀವ ಬಂತು. ಬಡೇಬೀ ಹೊರಗೆ ಬಂದು ತಾನೇ ತಾಯಣ್ಣನನ್ನು ಕರೆದಳು, "ಬರ್ರಿ, ನೀವೂ ನೋಡ್ರಿ ಕೂಸಿನ್ನ." ಅವನು ಒಳಗೆ ಬಂದು ಬಾಗಿಲ ಹತ್ತಿರವೇ ನಿಂತ.

ಆತಿಯಾ ಮಗಳ ತಲೆ ಸವರುತ್ತ ತಮ್ಮ ಉರ್ದುವಿನಲ್ಲಿ ಕೇಳುತ್ತಿದ್ದಳು, ಗೇಟು ಹಾಕುವಾಗ ನೀನು ನಿದ್ದೆ ಮಾಡಿದ್ದೆಯಾ ಎಂದು. ಇಲ್ಲ, ಎದ್ದೇ ಇದ್ದೆ ಎಂದಿತು ಮಗು. ಪೈಪಿನೊಳಗಿಂದ ನೋಡುತ್ತಿದ್ದೆ ಎಂದಿತು. ಹಾಗಾದರೆ ಯಾಕೆ ಕೂಗಲಿಲ್ಲ ಎಂದು ಆತಿಯಾ ಕೇಳಿದಳು.

"ಓ ದಾದಾ ಗುಸ್ಸಾ ಕರ್ತೇ ಬೋಲ್ಕೆ," ಎಂದಿತು ಮಗು.

ಆ ತಾತ ಸಿಟ್ಟಾಗ್ತಾರೆ ಅಂತ. ಹೊಸ ಹುಲ್ಲು ತುಳಿದು ಪೈಪಿಗೆ ಹೋಗಿದ್ದಳು. ಅವನನ್ನು ಕಂಡು ಉಸಿರು ಬಿಗಿ ಹಿಡಿದು ಕೂತಿದ್ದಳು. ಅವನು ಹೋದ ಮೇಲೂ ಬೈಯಲು ಮತ್ತೆ ಬರುತ್ತಾನೆಂದು ಅಲ್ಲೇ ಅಡಗಿದ್ದಳು, ಕಣ್ಣಿಗೆ ಕತ್ತಲೆ ಬರುವವರೆಗೂ.

ಮಾನ್ವಿಯಲ್ಲಿ ಆ ಮಾತು ಅರ್ಥವಾಗದವರು ಯಾರೂ ಇಲ್ಲ. ನಾನು ತಾಯಣ್ಣನ ಮುಖ ನೋಡಿದೆ. ಖಾಜಾಮಿಯಾ ಹೊಡೆದಾಗಲೂ ಅದು ಹಾಗಾಗಿರಲಿಲ್ಲ. ನೆಲ ನೋಡುತ್ತ ಆತಿಯಾಗೆ ಹೇಳಿದ:

"ಯವ್ವಾ, ನಾ ಬೈಯಂಗಿಲ್ಲ ಅಂತ ಅಕಿಗೆ ಹೇಳ್ರಿ. ನಿಮ್ಮ ಮಾತಿನ್ಯಾಗ ಹೇಳ್ರಿ, ಅಕಿಗೆ ಚಲೋ ತಿಳೀಲಿ."

ಆತಿಯಾ ಹೇಳಿದಳು, ಎರಡೆರಡು ಸಲ. ಜೋಯಾ ಬಾಗಿಲ ಕಡೆ ಒಮ್ಮೆ ನೋಡಿದಳು. ತಾಯಣ್ಣ ನಗಲು ನೋಡಿದ. ಮಗು ಬಾಯಿ ಬಿಗಿಯಾಗಿ ಮುಚ್ಚಿಕೊಂಡು ತಾಯಿಯ ಬೆನ್ನ ಹಿಂದೆ ಸರಿಯಿತು.