ಹಿಂದಿನ ಮನೆಯ ಅಕ್ಕನ ಮುಖ

ಕಳೆದ ವಾರ ಬೇಲೂರಿನಿಂದ ಅರಸೀಕೆರೆಗೆ ಹೊರಟಿದ್ದೆ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಚೀಲದಿಂದ ತಲೆನೋವಿನ ಮುಲಾಮಿನ ಡಬ್ಬಿ ತೆಗೆದು ಹಣೆಗೆ ತಿಕ್ಕಿಕೊಂಡರು. ಕಿಟಕಿಗಳು ಮುಚ್ಚಿದ್ದವು. ಆ ಘಾಟು ಮೂಗಿಗೆ ಬಡಿಯುತ್ತಿದ್ದಂತೆ ನನ್ನ ಕೈ ತಾನಾಗಿಯೇ ಮೊಬೈಲಿನ ಗಾಜನ್ನು ದುಪಟ್ಟಾದ ಅಂಚಿನಿಂದ ಒರೆಸತೊಡಗಿತು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ... ನನ್ನ ಹಳೆಯ ಫೋನು ಒಂದು ಕಾಲದಲ್ಲಿ ತಿಂಗಳುಗಟ್ಟಲೆ ಇದೇ ವಾಸನೆ ಹೊಡೆಯುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು ಕೂರುತ್ತಿದ್ದವರು ನಮ್ಮ ಹಿಂದಿನ ಮನೆಯ ಅಕ್ಕ.

ಅರಸೀಕೆರೆಯಲ್ಲಿ ನಮ್ಮ ಮನೆಗೆ ಬೆನ್ನು ಕೊಟ್ಟಂತೆ ಎರಡು ಕೋಣೆಗಳ ಪುಟ್ಟ ಮನೆಯೊಂದಿದೆ. ಅಪ್ಪ ಮೊದಲು ಅದರಲ್ಲಿ ಕೊಬ್ಬರಿ ಮೂಟೆ ತುಂಬುತ್ತಿದ್ದರು, ಆಮೇಲೆ ಬಾಡಿಗೆಗೆ ಕೊಟ್ಟರು. ಅಕ್ಕ ಮದುವೆಯಾದ ವರ್ಷವೇ ಅಲ್ಲಿಗೆ ಬಂದರು. ತವರು ಹಗರೆ, ಗಂಡನ ಊರು ಗಂಡಸಿ ಹತ್ತಿರದ ಒಂದು ಹಳ್ಳಿ. ಗಂಡ ಸೈನ್ಯದಲ್ಲಿದ್ದರು. ರಜೆಗೆ ಬಂದಾಗ ರೈಲಿಳಿದು ನಡೆದೇ ಮನೆ ಸೇರಬಹುದು ಎಂದು ಸ್ಟೇಷನ್ನಿಗೆ ಹತ್ತಿರದ ನಮ್ಮ ಬೀದಿ ಹಿಡಿದಿದ್ದರು.

ನಾನಾಗ ಎಂ.ಎ. ಮುಗಿಸಿ, ಉಪನ್ಯಾಸಕರ ಪರೀಕ್ಷೆಗೆ ಓದುತ್ತಾ ಮನೆಯಲ್ಲಿದ್ದೆ. ನನಗೆ ಮಾತು ಕಡಿಮೆ, ಗೆಳತಿಯರು ಇನ್ನೂ ಕಡಿಮೆ. ಅಕ್ಕನಿಗೆ ಅದರಿಂದ ತೊಂದರೆಯೇನೂ ಆಗಲಿಲ್ಲ. ನನ್ನ ಪಾಲಿನ ಮಾತನ್ನೂ ಅವರೇ ಆಡಿಬಿಡುತ್ತಿದ್ದರು. "ಏನೇ, ಆ ಪುಸ್ತಕಾನೇ ಕಟ್ಕೋತೀಯಾ ಹೆಂಗೆ? ಊಟಕ್ಕಾದ್ರೂ ಬಿಡುತ್ತೋ ಇಲ್ವೋ ಅದು?" ಎನ್ನುತ್ತಾ ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು.

ಅವರಿಗೆ ಕ್ಯಾಮೆರಾ ಎಂದರೆ ವಿಪರೀತ ನಾಚಿಕೆ. ಗಂಡ ವಿಡಿಯೋ ಕಾಲ್ ಮಾಡಿದರೆ ಫೋನನ್ನು ಗೋಡೆಗೋ ಫ್ಯಾನಿನ ಕಡೆಗೋ ತಿರುಗಿಸಿಟ್ಟು ಮಾತಾಡುತ್ತಿದ್ದರು. ಅತ್ತ ಕಡೆಯಿಂದ ದನಿ ಕೇಳುತ್ತಿತ್ತು: "ಅಲ್ಲ ಕಣೇ, ನಾನೇನು ಫ್ಯಾನ್ ನೋಡಕ್ಕೆ ಫೋನ್ ಮಾಡಿದ್ನಾ?" ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. "ತಿರುಗ್ತಾ ಐತಲ್ಲ, ನೋಡ್ಕೊಳ್ಳಿ. ಬಂದಾಗ ನನ್ ಮುಖ ನೋಡೋರಂತೆ."

ಅವರು ನಾಲ್ಕು ತಿಂಗಳ ಬಸುರಿಯಾಗಿದ್ದಾಗ ಸುದ್ದಿ ಬಂತು. ಗಡಿಯ ಯಾವುದೋ ಚೌಕಿಯಲ್ಲಿ ಗುಂಡಿನ ಕಾಳಗ. ಅಷ್ಟೇ ತಿಳಿದದ್ದು.

ಪೆಟ್ಟಿಗೆ ನೇರವಾಗಿ ಗಂಡನ ಊರಿಗೆ ಬಂತು. ಅಮ್ಮನೂ ನಾನೂ ಹೋಗಿದ್ದೆವು. ಮನೆಯ ಮುಂದೆ ಚಪ್ಪರ ಹಾಕಿದ್ದರು. ಬಾವುಟ ಹೊದಿಸಿದ ಪೆಟ್ಟಿಗೆಯ ಸುತ್ತ ಎಷ್ಟು ಜನ ಎಂದರೆ ಮನೆಯವರೇ ದಾರಿ ಬಿಡಿ ಎಂದು ಕೇಳಿಕೊಳ್ಳಬೇಕಾಗಿತ್ತು. ನಮ್ಮಲ್ಲಿ ಸತ್ತವರನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನಲ್ಲಿ ಅಲಂಕರಿಸಿ ಒಯ್ಯುತ್ತಾರೆ. ಮುಖ ಕೊನೆಯವರೆಗೂ ತೆರೆದೇ ಇರುತ್ತದೆ, ಊರೆಲ್ಲ ನೋಡುತ್ತದೆ. ಅಂದು ಹಾಗಾಗಲಿಲ್ಲ. ಸಾವಾಗಿ ದಿನಗಳಾಗಿದ್ದರಿಂದ ಪೆಟ್ಟಿಗೆಯಲ್ಲೇ ಮಣ್ಣು ಮಾಡುವುದು ಒಳ್ಳೆಯದು ಎಂದು ಜೊತೆಗೆ ಬಂದಿದ್ದ ಅಧಿಕಾರಿ ಮೆತ್ತಗೆ ಹೇಳಿದರು. ಮನೆಯವರು ನೋಡಲೆಂದು ಮುಚ್ಚಳವನ್ನು ಸ್ವಲ್ಪ ಹೊತ್ತು ತೆಗೆಸಿದರು.

ಗಂಡಸರು ಬಗ್ಗಿ ನೋಡಿದರು. ಹೆಂಗಸರು ಅಕ್ಕನ ಎರಡೂ ತೋಳು ಹಿಡಿದು ಚಪ್ಪರದ ತನಕ ತಂದಿದ್ದರು. ಅಷ್ಟರಲ್ಲಿ ಗಂಡನ ದೊಡ್ಡಪ್ಪ, ಅಕ್ಕನ ದೊಡ್ಡಮಾವ, ಅಡ್ಡ ಬಂದು ನಿಂತರು. "ಬೇಡ ಕಣವ್ವ. ಬಸುರಿ ಹೆಂಗ್ಸು ಹೆಣದ ಮುಖ ನೋಡಬಾರ್ದು. ಹೊಟ್ಟೇಲಿರೋದು ಅವನದ್ದೇ ಅಲ್ವಾ, ಅದನ್ನಾದ್ರೂ ಉಳಿಸ್ಕೊಳ್ಳಾನ." ಆ ಮುದುಕರೂ ಅಳುತ್ತಲೇ ಇದ್ದರು. ಅವರ ಮಾತಿನಲ್ಲಿ ಕೇಡಿರಲಿಲ್ಲ. ಅಕ್ಕ "ಒಂದೇ ಒಂದ್ಸಲ, ದೊಡ್ಡಮಾವ" ಎಂದರು. ಆಮೇಲೆ ಅವರ ಬಾಯಿಂದ ಹೊರಟದ್ದು ಮಾತಲ್ಲ... ಅದೇ ಹೊತ್ತಿಗೆ ಹೆಂಗಸರ ಹೆಗಲ ಸಂದಿಯಿಂದ ಒಂದು ಕ್ಯಾಮೆರಾ ಅವರ ಮುಖದ ಹತ್ತಿರಕ್ಕೆ ಬಂತು.

ಸಂಜೆ ನಮ್ಮ ಮನೆಯ ಟೀವಿಯಲ್ಲಿ ಅದನ್ನೇ ನೋಡಿದೆವು. ತೆರೆದ ಪೆಟ್ಟಿಗೆ ಬಂದಾಗ ಮುಖದ ಜಾಗದಲ್ಲಿ ಮಂಜು ಕವಿದಂಥ ಒಂದು ಮಸುಕು. ಅದಾದ ಮೇಲೆ ಅಕ್ಕ. ಜಾರಿದ ಸೆರಗು, ಬಿಚ್ಚಿದ ಕೂದಲು, ತೆರೆದ ಬಾಯಿ. ಹಿನ್ನೆಲೆಗೆ ಕೊಳಲು ಸೇರಿಸಿದ್ದರು. ಮತ್ತೆ ಪೆಟ್ಟಿಗೆ, ಮತ್ತೆ ಅಕ್ಕ. ಅಮ್ಮ ಎದ್ದು ಹೋಗಿ ಟೀವಿ ಆರಿಸಿದರು.

ಕೆಲವು ವಾರಗಳ ನಂತರ ಅಕ್ಕ ತಾಯಿಯನ್ನು ಕರೆದುಕೊಂಡು ಹಿಂದಿನ ಮನೆಗೆ ಮರಳಿದರು. ಆಸ್ಪತ್ರೆ ಹತ್ತಿರವಿತ್ತು. ಅವರು ಸುಮ್ಮನೆ ಅದನ್ನೇ ನೋಡುತ್ತಾ ಕೂರಬಾರದೆಂದು ತಾಯಿ ಕೇಬಲ್ ತೆಗೆಸಿ, ಫೋನನ್ನೂ ಎತ್ತಿಟ್ಟಿದ್ದರು. ಹಾಗಾಗಿ ಅಕ್ಕ ಮಧ್ಯಾಹ್ನ ನನ್ನ ಕೋಣೆಗೆ ಬರುತ್ತಿದ್ದರು. ಹಣೆಗೆ ಮುಲಾಮು ಮೆತ್ತಿಕೊಂಡ ಬೆರಳನ್ನೇ ಚಾಚಿ, "ಫೋನ್ ಕೊಡೇ" ಎನ್ನುತ್ತಿದ್ದರು. ಆ ವಿಡಿಯೋವನ್ನು ಮಸುಕು ಬರುವ ಕಡೆ ನಿಲ್ಲಿಸಿ, ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡುತ್ತಿದ್ದರು. ದೊಡ್ಡದು ಮಾಡಿದಷ್ಟೂ ಅದು ಬರೀ ಚೌಕ ಚೌಕ ಬಣ್ಣವಾಗುತ್ತಿತ್ತು.

"ಮುಖ ಉಳಿದಿಲ್ಲ ಕಣೇ" ಎಂದರು ಒಂದು ದಿನ. "ಬಸುರಿ ಅನ್ನೋದು ನೆಪ. ನೋಡೋ ಹಂಗಿದ್ರೆ ಟೀವಿಯೋರು ಯಾಕೆ ಮುಚ್ತಿದ್ರು?"

"ಸತ್ತವರ ಮುಖ ಯಾರದಾದ್ರೂ ಹಾಗೇ ಮುಚ್ತಾರೆ ಅಕ್ಕ. ಅದೊಂದು ಮರ್ಯಾದೆ."

"ಯಾರ ಮರ್ಯಾದೆ?"

"ನಿಮ್ಮ ಮೈದುನ ನೋಡಿದ್ದಾರಲ್ಲ, ಚೆನ್ನಾಗೇ ಇತ್ತು ಅಂದ್ರಂತೆ" ಎಂದೆ ನಾನು. ಅಕ್ಕ ನಕ್ಕರು, ಆ ನಗು ನನಗೆ ಹಿಡಿಸಲಿಲ್ಲ. "ಬಸುರಿ ಹತ್ರ ಇನ್ನೇನಂತಾರೆ?"

ಕಣ್ಣು ಮುಚ್ಚಿದರೆ ದಿನಕ್ಕೊಂದು ಥರದ ಮುಖ ಬರುತ್ತದೆ ಎನ್ನುತ್ತಿದ್ದರು. ಒಂದು ದಿನ ಕಣ್ಣಿಲ್ಲ, ಇನ್ನೊಂದು ದಿನ ದವಡೆಯಿಲ್ಲ. ಊಟ ತಟ್ಟೆಯಲ್ಲೇ ಆರುತ್ತಿತ್ತು. ಮಗು ಬೆಳೆಯುತ್ತಿಲ್ಲ, ಹೀಗೇ ಆದರೆ ಕಷ್ಟ ಎಂದು ಡಾಕ್ಟರು ತಾಯಿಯನ್ನು ಪಕ್ಕಕ್ಕೆ ಕರೆದು ಹೇಳಿದರು. ಮಗು ಉಳಿಯಲೆಂದು ತಡೆದ ನೋಟ ಈಗ ಮಗುವಿಗೇ ಕುತ್ತಾಗಿತ್ತು.

ಮಸುಕು ಹಾಕದ ವಿಡಿಯೋ ಅದನ್ನು ತೆಗೆದವನ ಹತ್ತಿರ ಇರಬಹುದು ಎನಿಸಿತು. ಅವನು ಹಳೇಬೀಡಿನವನು ಎಂದು ವಿಚಾರಿಸಿ ತಿಳಿದುಕೊಂಡೆ. ನಮ್ಮ ತಾಲ್ಲೂಕಿಗೂ ಬೇಲೂರು ತಾಲ್ಲೂಕಿಗೂ ಆ ಚಾನೆಲ್ಲಿನ ಪಾಲಿಗೆ ಅವನೊಬ್ಬನೇ ಕ್ಯಾಮೆರಾದವನು. ಉಳಿದಂತೆ ಮದುವೆ ವಿಡಿಯೋ ಮಾಡುತ್ತಿದ್ದ, ದೇವಸ್ಥಾನಕ್ಕೆ ಬಂದ ಪ್ರವಾಸಿಗಳ ಫೋಟೋ ತೆಗೆದು ಅಲ್ಲೇ ಪ್ರಿಂಟ್ ಹಾಕಿ ಕೊಡುತ್ತಿದ್ದ. ಆಸ್ಪತ್ರೆಗೆಂದು ಹೇಳಿ ಇಬ್ಬರೂ ಹೊರಟು, ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹಿಡಿದೆವು.

ಸ್ಟುಡಿಯೋ ಎಂದರೆ ಬಸ್ ಸ್ಟ್ಯಾಂಡಿನ ಪಕ್ಕದ ಒಂದು ಮಳಿಗೆ. ಅಕ್ಕನನ್ನು ಕಂಡೊಡನೆ ಅವನು ಎದ್ದು ನಿಂತ, ಕೂತಿದ್ದ ಕುರ್ಚಿಯನ್ನೇ ಒರೆಸಿ ಕೊಟ್ಟ. ಅಕ್ಕ ಹೇಳಿದ್ದನ್ನು ಕೇಳಿ ತಲೆ ಅಲ್ಲಾಡಿಸಿದ.

"ಮಸುಕು ನಾನು ಹಾಕಿದ್ದಲ್ಲ ಅಕ್ಕ, ಬೆಂಗಳೂರಲ್ಲಿ ಹಾಕ್ತಾರೆ. ನನ್ನತ್ರ ಹಂಗೇ ಐತೆ. ಆದ್ರೆ ಈಗ ಬೇಡ. ಹೆರಿಗೆ ಆಗ್ಲಿ, ನಾನೇ ಮನೆಗೆ ತಂದ್ಕೊಡ್ತೀನಿ."

"ಹೆರಿಗೆವರ್ಗೂ ನಾನಿರಬೇಕಲ್ಲಪ್ಪ" ಎಂದರು ಅಕ್ಕ.

ಅವನು ನನ್ನ ಕಡೆ ನೋಡಿದ. ನಾನು ಹೂಂ ಎಂದೆ.

ಅವನು ಕಂಪ್ಯೂಟರ್ ಹಾಕಿದಾಗ ನಾನು ಗೋಡೆಯ ಮೇಲಿನ ಮದುಮಕ್ಕಳ ಫೋಟೋಗಳತ್ತ ತಿರುಗಿ ನಿಂತೆ. ಆ ಮುಖ ಅವರಿಬ್ಬರದು ಮಾತ್ರ ಎನಿಸಿತ್ತು. ಆಮೇಲೆ ಅಕ್ಕ ನನ್ನ ಕೈ ಹಿಡಿದು ಎಳೆದರು. "ನೀನೂ ನೋಡೇ. ಏನೂ ಆಗಿಲ್ಲ ಕಣೇ ಮುಖಕ್ಕೆ."

ಏನೂ ಆಗಿರಲಿಲ್ಲ. ಮೂಗಿಗೆ ಹತ್ತಿ ಇಟ್ಟಿದ್ದರು, ತುಟಿ ಕಪ್ಪಾಗಿತ್ತು. ಪ್ರಯಾಣದಲ್ಲಿ ದಣಿದು ಮಲಗಿದವರ ಮುಖದಂತಿತ್ತು.

"ಗಡ್ಡ ಬಿಟ್ಟವ್ರೆ" ಎಂದರು ಅಕ್ಕ. "ಅಲ್ಲಿ ಚಳೀಗೆ ಬಿಟ್ಟಿರ್ಬೇಕು. ನಂಗೇಳಿರ್ಲಿಲ್ಲ, ಕಳ್ಳ." ಪರದೆಯ ಮೇಲೆ ಕೈಯಿಟ್ಟು ಕೂತರು. ಅಳಲಿಲ್ಲ. ಆಮೇಲೆ, ಯಾರನ್ನೂ ಕೇಳುವಂತಲ್ಲದೆ, "ಇದನ್ನ ಯಾಕಪ್ಪಾ ಮುಚ್ಚಿದ್ರು?" ಎಂದರು.

ವಿಡಿಯೋ ಓಡುತ್ತಲೇ ಇತ್ತು. ಮುಂದೆ ಬಂದದ್ದು ಅಕ್ಕನ ಮುಖ. ಅವನು ನಿಲ್ಲಿಸಲು ಕೈ ಚಾಚಿದ. ಅಕ್ಕ ಬೇಡವೆಂದು ಪೂರ್ತಿ ನೋಡಿದರು.

"ಅವ್ರದ್ದು ಮುಚ್ಚಿದ್ರಿ. ಇದನ್ಯಾಕೆ ಮುಚ್ಚಲಿಲ್ಲ?"

ಅವನು ಮೌಸಿನಿಂದ ಕೈ ತೆಗೆದ. "ಬೆಂಗಳೂರಿನೋರು ಮೊದಲು ಫೋನ್ ಮಾಡಿ ಕೇಳೋದೇ ಅದನ್ನ ಅಕ್ಕ. ಹೆಂಡ್ತಿ ಅಳೋದು ಸಿಕ್ತಾ ಅಂತ."

"ಅವ್ರಿಗೇ ನಾನು ಮುಖ ತೋರಿಸ್ತಿರಲಿಲ್ಲ ಕಣಪ್ಪ" ಎಂದರು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ಫ್ಯಾನ್ ತೋರಿಸ್ತಿದ್ದೆ."

ಅವನಿಗೆ ಅದು ಅರ್ಥವಾಗಿರಲಾರದು. ತನ್ನ ಹತ್ತಿರವಿದ್ದ ಅಕ್ಕನ ಭಾಗವನ್ನು ನಮ್ಮೆದುರೇ ಅಳಿಸಿದ. ಈಗಾಗಲೇ ಹೊರಗೆ ಹೋದದ್ದು ತನ್ನ ಕೈಯಲ್ಲಿಲ್ಲ ಎಂದ. ಗಂಡನ ಭಾಗವನ್ನು ಅಕ್ಕ ಅಳಿಸಗೊಡಲಿಲ್ಲ. ಆ ಮುಖದ ಒಂದು ಪ್ರಿಂಟ್ ಕೇಳಿ, ಪಡೆದು, ರವಿಕೆಯೊಳಗೆ ಇಟ್ಟುಕೊಂಡರು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಮತ್ತೆರಡು ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ವಯಸ್ಸಾದ ಹೆಂಗಸೊಬ್ಬರು ಅಕ್ಕನನ್ನೇ ದಿಟ್ಟಿಸಿ ನೋಡಿ ಎದ್ದು ಸೀಟು ಬಿಟ್ಟುಕೊಟ್ಟರು. "ಟೀವಿಲಿ ಅತ್ತೋರು ನೀವೇ ಅಲ್ವಾ ತಾಯಿ? ನಮ್ಮನೇಲಿ ಎಲ್ರೂ ಅತ್ಬಿಟ್ವಿ ಕಣವ್ವ."

"ಅದು ನಾನಲ್ಲ ಕಣಜ್ಜಿ" ಎಂದರು ಅಕ್ಕ. "ಎಲ್ರೂ ಹಂಗೇ ಅಂತಾರೆ."

ಆದರೆ ದಾರಿಯುದ್ದಕ್ಕೂ ಸೆರಗನ್ನು ತಲೆಯ ಮೇಲೆ ಹೊದ್ದು ಕಿಟಕಿಯ ಕಡೆ ತಿರುಗಿಯೇ ಕೂತಿದ್ದರು.

ಹೆಣ್ಣು ಮಗು ಹುಟ್ಟಿತು, ಚೆನ್ನಾಗಿತ್ತು. ವರ್ಷದ ಪುಣ್ಯತಿಥಿಗೆ ಚಾನೆಲ್ಲಿನವರು ಅದೇ ತುಣುಕನ್ನು ಮತ್ತೆ ಹಾಕಿದರು. ಮರುದಿನದಿಂದ ತರಕಾರಿ ಅಂಗಡಿಯಲ್ಲಿ, ಚುಚ್ಚುಮದ್ದಿನ ಸಾಲಿನಲ್ಲಿ, ಎಲ್ಲ ಕಡೆಯೂ ಅದೇ ಕನಿಕರದ ಕಣ್ಣುಗಳು. ನಾನು ಕೆಲಸ ಸಿಕ್ಕಿ ಬೇಲೂರಿಗೆ ಹೊರಟ ತಿಂಗಳಲ್ಲೇ ಅಕ್ಕನೂ ಮನೆ ಖಾಲಿ ಮಾಡಿದರು. ಎಲ್ಲಿಗೆ ಎಂದು ಅಮ್ಮ ಕೇಳಿದಾಗ, "ಯಾರೂ ಟೀವಿ ನೋಡದ ಊರು ಇದ್ರೆ ಹೇಳಿ ಅಮ್ಮ, ಅಲ್ಲಿಗೆ" ಎಂದು ನಕ್ಕರಂತೆ. ಕೊಟ್ಟು ಹೋದ ನಂಬರು ಕೆಲವು ತಿಂಗಳು ಹೊಡೆದುಕೊಂಡಿತು, ಆಮೇಲೆ ನಿಂತುಹೋಯಿತು. ಹಗರೆಯ ತವರಿನವರು ಅವರು ಚೆನ್ನಾಗಿದ್ದಾರೆ ಎನ್ನುತ್ತಾರೆ, ಎಲ್ಲಿದ್ದಾರೆ ಎನ್ನುವುದಿಲ್ಲ. ನಾನೂ ಒತ್ತಾಯಿಸಿ ಕೇಳುವುದಿಲ್ಲ.

ಗಡಿಯಿಂದ ಪೆಟ್ಟಿಗೆಗಳು ಬಂದಾಗಲೆಲ್ಲ ತೋರಿಸಬೇಕೇ ಬೇಡವೇ ಎಂಬ ಚರ್ಚೆ ಏಳುತ್ತದೆ. ನನ್ನ ವಿದ್ಯಾರ್ಥಿಗಳೂ ಕೇಳುತ್ತಾರೆ. ತೋರಿಸದಿದ್ದರೆ ಯುದ್ಧವೆಂದರೆ ಏನೆಂದು ಜನಕ್ಕೆ ಹೇಗೆ ತಿಳಿಯಬೇಕು ಎನ್ನುವವರ ಮಾತು ಸುಳ್ಳೆಂದು ನನಗೆ ಅನಿಸುವುದಿಲ್ಲ. ಮುಚ್ಚುವುದೇ ಗೌರವ ಎನ್ನುವವರದೂ ಸುಳ್ಳಲ್ಲ. ಆ ಮನೆಯವರನ್ನು ಕೇಳಿದಿರಾ ಎಂದಷ್ಟೇ ನಾನು ಅವರನ್ನು ಕೇಳುತ್ತೇನೆ. ಅಕ್ಕನನ್ನು ಯಾರಾದರೂ ಕೇಳಿದ್ದರೆ ಯಾವ ಮುಖವನ್ನು ತೆರೆಯಬೇಕು, ಯಾವುದನ್ನು ಮುಚ್ಚಬೇಕು ಎಂದು ಅವರು ಆ ಚಪ್ಪರದಡಿಯಲ್ಲೇ ಹೇಳುತ್ತಿದ್ದರು.

ಬೇಲೂರಿನಲ್ಲಿ ನನ್ನದು ಒಂದೇ ಕೋಣೆ. ರಜೆಯ ಮಧ್ಯಾಹ್ನಗಳು ಉದ್ದವಾಗುತ್ತವೆ. ಹಿತ್ತಲ ಬಾಗಿಲು ಎನ್ನುವುದೇ ಇಲ್ಲ ಈ ಮನೆಗೆ. ಅಕ್ಕನ ಒಂದು ಫೋಟೋ ಕೂಡ ನನ್ನ ಹತ್ತಿರ ಇಲ್ಲ, ಅವರು ತೆಗೆಯಲು ಬಿಟ್ಟವರೇ ಅಲ್ಲ. ಅವರ ಕೆನ್ನೆಯ ಮೇಲೆ ಒಂದು ಮಚ್ಚೆಯಿತ್ತು. ಎಡಗಡೆಯೋ ಬಲಗಡೆಯೋ, ಈಚೆಗೆ ನೆನಪಾಗುತ್ತಿಲ್ಲ... ಅದನ್ನು ತಿಳಿದುಕೊಳ್ಳಲು ನನಗೆ ಉಳಿದಿರುವ ದಾರಿ ಆ ವಿಡಿಯೋ ಒಂದೇ. ಅದು ಇನ್ನೂ ಅಲ್ಲೇ ಇದೆ, ಹುಡುಕಿದರೆ ಸಿಗುತ್ತದೆ.

ನಾನು ಹುಡುಕುವುದಿಲ್ಲ.