ಅವನು ಹತ್ತದ ಮರ

ರಜೆ ಅರ್ಜಿಯಲ್ಲಿ ಸುಳ್ಳು ಬರೆದುಕೊಂಡು ಬರುವ ಮಕ್ಕಳನ್ನು ನಾನು ಇಪ್ಪತ್ತು ವರ್ಷದಿಂದ ಗೋಳು ಹೊಯ್ದುಕೊಂಡಿದ್ದೇನೆ. ತುರುವೇಕೆರೆ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು ನಾನು. ಅಜ್ಜಿ ತೀರಿಕೊಂಡರೆಂದು ವರ್ಷಕ್ಕೆ ಮೂರು ಸಲ ಬರೆಯುವವನನ್ನು ಎದ್ದು ನಿಲ್ಲಿಸಿ, ನಿನಗೆ ಒಟ್ಟು ಎಷ್ಟು ಅಜ್ಜಿಯರಪ್ಪಾ ಎಂದು ಇಡೀ ತರಗತಿಯ ಮುಂದೆ ಕೇಳಿದವಳು. ಅಂಥವಳು ತಿಪಟೂರಿನ ಆಸ್ಪತ್ರೆಯೊಂದರ ಕೌಂಟರಿನ ಮುಂದೆ ನಿಂತು, ಒಂದಕ್ಷರ ತೊದಲದೆ ಸುಳ್ಳು ಹೇಳಿ, ಕೆಳಗೆ ಸಹಿಯನ್ನೂ ಹಾಕಿ ಬಂದೆ.

ಬಿದ್ದವನು ನನ್ನ ತಮ್ಮ. ನನಗಿಂತ ಎಂಟು ವರ್ಷ ಚಿಕ್ಕವನು. ಅಮ್ಮ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿದವಳೂ ನಾನೇ, ಹೊಡೆದು ಮಗ್ಗಿ ಕಲಿಸಿದವಳೂ ನಾನೇ. ಮಗ್ಗಿ ಬಂತು, ಓದು ಹತ್ತಲಿಲ್ಲ. ಸೆಂಟ್ರಿಂಗ್ ಕೆಲಸಕ್ಕೆ ಸೇರಿಕೊಂಡ. ಮನೆಗೆ ಮೋಲ್ಡ್ ಹಾಕುವ ಮುಂಚೆ ಹಲಗೆ ಹೊಂದಿಸಿ ಕೆಳಗೆ ಕಂಬ ಕೊಡುವುದು, ಕಾಂಕ್ರೀಟು ಬಲಿತ ಮೇಲೆ ಅದನ್ನೆಲ್ಲ ಬಿಚ್ಚುವುದು ಅವನ ಕೆಲಸ. ಹತ್ತು ವರ್ಷದಿಂದ ಒಬ್ಬನೇ ಮೇಸ್ತ್ರಿಯ ಕೈಕೆಳಗೆ ದುಡಿಯುತ್ತಿದ್ದ. ಆ ಮೇಸ್ತ್ರಿ ನಮ್ಮ ಮನೆಯ ಹಬ್ಬಗಳಿಗೆ ಬಂದು ಹೋಳಿಗೆ ಉಂಡು ಹೋಗುವಷ್ಟು ಬಳಕೆ.

ಅವತ್ತು ತಮ್ಮ ಬಿದ್ದನೆಂದು ಶಾಲೆಗೆ ಫೋನ್ ಬಂತು. ಸಹೋದ್ಯೋಗಿಯೊಬ್ಬರ ಸ್ಕೂಟರಿನಲ್ಲಿ ಆಸ್ಪತ್ರೆಯ ಗೇಟು ತಲುಪುವುದಕ್ಕೂ, ಲಗೇಜ್ ಆಟೋದಲ್ಲಿ ತಮ್ಮನನ್ನು ಮಲಗಿಸಿಕೊಂಡು ಕೆಲಸದವರು ಬರುವುದಕ್ಕೂ ಸರಿಹೋಯಿತು. ಮೇಸ್ತ್ರಿ ಮೊದಲು ಇಳಿದು ನನ್ನ ಹತ್ತಿರ ಬಂದ. ಬಿಲ್ಡಿಂಗಿನಿಂದ ಬಿದ್ದನೆಂದರೆ ಪೊಲೀಸರು ಬರುವ ತನಕ ಡಾಕ್ಟರು ಮುಟ್ಟುವುದಿಲ್ಲ, ಕೆಲಸ ನಿಲ್ಲುತ್ತದೆ, ಹತ್ತು ಮನೆಯ ಒಲೆ ಆರುತ್ತದೆ, ಆಸ್ಪತ್ರೆಯ ಖರ್ಚೆಲ್ಲ ನನ್ನದು ಎಂದು ಒಂದೇ ಉಸಿರಿಗೆ ಹೇಳಿದ.

"ಮರದಿಂದ ಬಿದ್ದ ಅಂದ್ಬುಡಿ ಟೀಚರೇ. ನಮ್ ಕಡೆ ಯಾರೂ ಕೇಳಲ್ಲ."

ಸ್ಟ್ರೆಚರಿನ ಮೇಲೆ ತಮ್ಮನ ತಲೆ, ಹುಬ್ಬು, ಅಂಗಿ ಎಲ್ಲ ಸಿಮೆಂಟಿನಿಂದ ಬೂದಿ ಬಣ್ಣಕ್ಕೆ ತಿರುಗಿತ್ತು. ಅವನು ನನ್ನ ಕೈ ಹಿಡಿದು "ಅಕ್ಕಾ" ಎಂದು ಏನೋ ಹೇಳಲು ಬಾಯಿ ತೆರೆದ. "ನೀನು ಸುಮ್ನಿರು" ಎಂದೆ. ಸೆರಗಿನಿಂದ ಅವನ ಮುಖ ಒರೆಸಿದೆ, ತಲೆ ಕೊಡವಿದೆ, ಅಂಗಿಯ ಮೇಲಿನ ಸಿಮೆಂಟನ್ನೂ ಜಾಡಿಸಿದೆ. ಕೌಂಟರಿನಲ್ಲಿದ್ದ ನರ್ಸು ಏನಾಯಿತೆಂದು ಕೇಳಿದಳು. ತೆಂಗಿನಮರದಿಂದ ಬಿದ್ದ ಎಂದೆ. ಆಕೆ ತಲೆಯೆತ್ತಿ ಕೂಡ ನೋಡದೆ ಬರೆದುಕೊಂಡಳು. ತೆಂಗಿನ ಸೀಮೆಯಲ್ಲಿ ಮರದಿಂದ ಬಿದ್ದವನನ್ನು ಯಾರು ತಲೆಯೆತ್ತಿ ನೋಡುತ್ತಾರೆ?

ಸೊಂಟದ ಮೂಳೆ, ಬಲತೊಡೆ ಎರಡೂ ಮುರಿದಿದ್ದವು. ತೊಡೆಗೆ ರಾಡು ಹಾಕಿದರು. ಮೇಸ್ತ್ರಿ ಎರಡು ದಿನ ಎಳನೀರು ತೆಗೆದುಕೊಂಡು ಬಂದ. ಮೂರನೆಯ ದಿನ ಅವನ ಫೋನು ಸ್ವಿಚ್ಚಾಫ್ ಆಯಿತು. ತಮ್ಮನ ಅತ್ತೆ ಹಂದನಕೆರೆಯಿಂದ ಬಂದವರು ಯಾವ ಮರ ಎಂದು ಕೇಳಿದರಂತೆ, ಅವನು ಬಾವಿ ಪಕ್ಕದ್ದು ಎಂದನಂತೆ. ಆಯಮ್ಮ ನೇರ ನಮ್ಮ ತೋಟಕ್ಕೆ ಹೋಗಿ ಆ ಮರದ ಬುಡಕ್ಕೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ತಪ್ಪಾಯಿತೆಂದು ಕೈ ಮುಗಿದು ಬಂದರು. ಸುದ್ದಿ ಕೇಳಿ ನನಗೆ ನಗು ಬಂತು. ನನ್ನ ತಮ್ಮ ಜನ್ಮದಲ್ಲಿ ಮರ ಹತ್ತಿದವನಲ್ಲ. ಚಿಕ್ಕಂದಿನಲ್ಲಿ ಅಪ್ಪ ಹತ್ತಿಸಲು ಹೋದಾಗ ಆಳೆತ್ತರಕ್ಕೆ ಹೋಗಿ, ಬೊಡ್ಡೆ ತಬ್ಬಿಕೊಂಡು ಅತ್ತಿದ್ದ. ಆಮೇಲೆ ನಮ್ಮ ತೋಟದಲ್ಲಿ ಕಾಯಿ ಕೀಳುವುದಕ್ಕೆ ಬೇರೆಯವರೇ ಬರುತ್ತಿದ್ದರು. ನಗು ಬಂದದ್ದನ್ನು ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ತಮ್ಮ ಇನ್ನು ಭಾರದ ಕೆಲಸ ಮಾಡುವಂತಿಲ್ಲ, ಮೇಲೆ ಹತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ವಕೀಲರನ್ನು ಕಾಣಲು ತೀರ್ಮಾನಿಸಿದೆ. ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಕೆಲಸದ ಜಾಗದಲ್ಲಿ ಬಿದ್ದವನಿಗೆ ಪರಿಹಾರ ಕೊಡಲೇಬೇಕೆಂಬ ಕಾನೂನು ಇದೆಯೆಂದು ನನಗೆ ಗೊತ್ತಿತ್ತು. ಆಸ್ಪತ್ರೆಯ ಕಾಗದ, ಎಕ್ಸರೇ, ಆಧಾರ್, ರೇಷನ್ ಕಾರ್ಡು, ಎಲ್ಲವನ್ನೂ ದಿನಾಂಕದ ಪ್ರಕಾರ ಜೋಡಿಸಿ ಫೈಲು ಮಾಡಿದೆ. ಮೇಸ್ತ್ರಿಗೆ ಮತ್ತು ಕಟ್ಟಡದ ಯಜಮಾನನಿಗೆ ಸರಿಯಾಗಿ ಬುದ್ಧಿ ಕಲಿಸುತ್ತೇನೆ ಎಂದು ಬಸ್ಸಿನಲ್ಲಿ ಹಲ್ಲು ಕಡಿಯುತ್ತಲೇ ಹೋದೆ. ಕೌಂಟರಿನಲ್ಲಿ ಆಡಿದ ಮಾತು ಆ ಹೊತ್ತಿಗೆ ಮಾತ್ರ, ಒಳಗೆ ಹೋಗಲು ತೆಗೆದುಕೊಂಡ ಚೀಟಿಯ ಹಾಗೆ, ಎಂದೇ ನನ್ನ ತಲೆಯಲ್ಲಿ ಉಳಿದಿತ್ತು.

ವಕೀಲರು ನನ್ನ ವಯಸ್ಸಿನ ಹೆಂಗಸು. ಕೊಬ್ಬರಿ ಮಂಡಿಯೊಂದರ ಮೇಲಿನ ಮಹಡಿಯಲ್ಲಿ ಆಫೀಸು. ಕೆಳಗೆ ಲಾರಿಗೆ ಚೀಲ ತುಂಬುವವರ ಗದ್ದಲ. ನಾನು ಹೇಳಿದ್ದನ್ನೆಲ್ಲ ಸಾವಧಾನವಾಗಿ ಕೇಳಿದರು, ಫೈಲು ಅಚ್ಚುಕಟ್ಟಾಗಿದೆ ಎಂದು ಹೊಗಳಿದರು. ಮೂರನೆಯ ಹಾಳೆಗೆ ಬಂದಾಗ ಅವರ ಬೆರಳು ನಿಂತಿತು.

ನಿಮ್ಮ ತಮ್ಮ ಮರ ಹತ್ತುತ್ತಾರಾ ಎಂದು ಕೇಳಿದರು.

ಇಲ್ಲ ಎಂದೆ. ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು. ತೆಂಗಿನಮರದಿಂದ ಬಿದ್ದದ್ದು, ಮಾಹಿತಿ ನೀಡಿದವರು ಅಕ್ಕ. ಕೆಳಗೆ ನನ್ನ ಸಹಿ. ಕಪ್ಪುಹಲಗೆಯ ಮೇಲೆ ಬರೆಯುವಂಥ ದುಂಡನೆಯ ಅಕ್ಷರ, ಯಾರಾದರೂ ಗುರುತು ಹಿಡಿಯಬಹುದು.

ಲಾರಿಯ ಗದ್ದಲ ಎಲ್ಲೋ ದೂರ ಹೋದಂತಾಯಿತು. ವಕೀಲರು ನೀರು ಕೊಟ್ಟರು. ಲೋಟ ಹಿಡಿದುಕೊಂಡೆ, ಕುಡಿಯಲಾಗಲಿಲ್ಲ. ಊರಿಗೆಲ್ಲ ಹೇಳೋದು ಆಚಾರ, ಮಾಡೋದು ಅನಾಚಾರ ಎಂಬ ಗಾದೆಗೆ ಅರ್ಥ ಬರೆಸುವಾಗ ನಾನು ಎಷ್ಟು ಉದಾಹರಣೆ ಕೊಟ್ಟಿದ್ದೆ! ನನ್ನ ಮೇಲೆ ನನಗೆ ಹೇಸಿಗೆಯಾಯಿತು.

"ನಮ್ಮ ಕಡೆ ಬಿಲ್ಡಿಂಗಿನಿಂದ ಯಾರೂ ಬೀಳೋದಿಲ್ಲ ಮೇಡಂ," ಎಂದರು ವಕೀಲರು. "ಎಲ್ಲರೂ ಮರದಿಂದಾನೇ ಬೀಳೋದು."

ಅವರ ದನಿಯಲ್ಲಿ ಕುಹಕವಿರಲಿಲ್ಲ, ಆಯಾಸವಿತ್ತು. ಕೋರ್ಟು ಮೊದಲು ನೋಡುವುದು ಆಸ್ಪತ್ರೆಯಲ್ಲಿ ಬರೆದದ್ದನ್ನು. ಪೊಲೀಸರು ಬರುವ ತನಕ ಮುಟ್ಟುವುದಿಲ್ಲ ಎಂಬುದೂ ಸುಳ್ಳು, ಡಾಕ್ಟರು ಮೊದಲು ಚಿಕಿತ್ಸೆ ಮಾಡಲೇಬೇಕು ಎಂದರು. ಹಾಗಾದರೆ ನಾನು ಸುಳ್ಳು ಹೇಳಿ ಉಳಿಸಿದ್ದಾದರೂ ಏನನ್ನು? ದಾರಿಯೇ ಇಲ್ಲವೇ ಎಂದೆ. ಇದೆ, ಆದರೆ ಕಷ್ಟ ಎಂದರು. ಜೊತೆಗೆ ಕೆಲಸ ಮಾಡುತ್ತಿದ್ದವರು ಯಾರಾದರೂ ಬಾಯಿ ಬಿಡಬೇಕು. ಅದಕ್ಕೂ ಮೊದಲು, ಸುಳ್ಳು ಹೇಳಿದವರೇ ಪ್ರಮಾಣ ಮಾಡಿ ಅದು ಸುಳ್ಳೆಂದು ಹೇಳಬೇಕು. ಎದುರು ವಕೀಲರು ಸುಮ್ಮನೆ ಬಿಡುವುದಿಲ್ಲ, ಅವತ್ತು ಸುಳ್ಳು ಹೇಳಿದವರು ಇವತ್ತು ನಿಜ ಹೇಳುತ್ತಾರೆಂದು ಏನು ಖಾತರಿ ಎಂದು ಕೇಳುತ್ತಾರೆ. ನೀವು ಸರ್ಕಾರಿ ಕೆಲಸದಲ್ಲಿರುವವರು, ತೊಂದರೆ ಆಗುವುದೇ ಇಲ್ಲ ಎಂದು ನಾನು ಹೇಳಲಾರೆ, ಯೋಚನೆ ಮಾಡಿ ಬನ್ನಿ ಎಂದರು.

ಬಸ್ಸಿನಲ್ಲಿ ಯೋಚನೆ ಮಾಡಲಿಲ್ಲ. ಮಾಡುವುದಕ್ಕೆ ಏನಿತ್ತು? ತಮ್ಮನ ಮನೆಗೆ ಹೋದೆ. ಜಗುಲಿಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು, ಪಕ್ಕದಲ್ಲಿ ವಾಕರು. ಹೆಂಡತಿ ಅಂಗಳದಲ್ಲಿ ರಾಗಿ ಕೇರುತ್ತಿದ್ದಳು. ನಡೆದದ್ದನ್ನು ಹೇಳಿ, ಕೋರ್ಟಿನಲ್ಲಿ ನಾನು ಸುಳ್ಳು ಹೇಳಿದೆನೆಂದು ಬರೆದುಕೊಡುತ್ತೇನೆ ಎಂದೆ. ಅವನ ಮುಖ ಕೆಂಪಾಯಿತು.

"ಬ್ಯಾಡ ಬುಡಕ್ಕ. ನಿನ್ನ ಸುಳ್ಳಿ ಅನ್ನಿಸಿ ನನಗ್ಯಾವ ಪರಿಹಾರ? ಮರದಿಂದ್ಲೇ ಬಿದ್ದೆ ಅಂತೀನಿ."

ಹೆಂಡತಿಯ ಕೈಯಲ್ಲಿ ಮೊರ ನಿಂತಿತು. ಆಮೇಲೆ ಗೊತ್ತಾಯಿತು, ಅವನು ಅವಳಿಗೂ ಇಷ್ಟು ದಿನ ಏನನ್ನೂ ಹೇಳಿರಲಿಲ್ಲ. ಕೆಲಸಕ್ಕೆ ಹೋದ ಗಂಡ ಮರದಿಂದ ಹೇಗೆ ಬಿದ್ದನೆಂದು ಅವಳು ಕೇಳಿದಾಗಲೆಲ್ಲ, ಅಕ್ಕ ಹೇಳೈತಲ್ಲ ಎಂದು ಮುಖ ತಿರುಗಿಸಿದ್ದಾನೆ. ಡಾಕ್ಟರು ಕೇಳಿದಾಗಲೂ ಮರವೇ, ನೆಂಟರು ಕೇಳಿದಾಗಲೂ ಮರವೇ. ನಾನು ಅವನ ಬಾಯಿಗೆ ಹಾಕಿದ ಮಾತನ್ನು ಮಗ್ಗಿಯ ಹಾಗೆ ಒಪ್ಪಿಸಿಕೊಂಡು ಬಂದಿದ್ದ.

ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಆದರೂ ಅವನನ್ನೇ ಬೈದೆ. ಮಕ್ಕಳ ಮುಖ ನೋಡೋ ಎಂದೆ. ನನ್ನ ಮರ್ಯಾದೆ ಕಟ್ಟಿಕೊಂಡು ನಿನಗೇನಾಗಬೇಕು ಎಂದೆ. ಬೈದು ಬೈದು ಸುಸ್ತಾಗಿ ಅವನ ಪಕ್ಕ ಕೂತೆ. ಆಗ ಹೊಳೆಯಿತು. ಇಷ್ಟು ವಾರದಲ್ಲಿ ಎಲ್ಲರೂ ಕೇಳಿದ್ದರು. ನಾನೊಬ್ಬಳು ಕೇಳಿರಲಿಲ್ಲ. ಉತ್ತರ ನಾನೇ ಕೊಟ್ಟುಬಿಟ್ಟಿದ್ದರಿಂದ ಕೇಳಬೇಕೆಂದು ಅನಿಸಿಯೇ ಇರಲಿಲ್ಲ.

"ಹೇಗೆ ಬಿದ್ದೆಯೋ?" ಎಂದೆ.

ಅವನು ವಾಕರಿನ ಕಾಲನ್ನೇ ನೋಡುತ್ತ ನಿಧಾನವಾಗಿ ಶುರು ಮಾಡಿದ. ಎರಡನೆಯ ಮಹಡಿಯ ಬಾಲ್ಕನಿ. ಮೋಲ್ಡ್ ಹಾಕಿ ಇನ್ನೂ ಒಂದು ವಾರ ಆಗಿರಲಿಲ್ಲ. ಬೇರೆ ಕಡೆಗೆ ಹಲಗೆ ಬೇಕೆಂದು ಮೇಸ್ತ್ರಿ ಕಂಬ ಬಿಚ್ಚಲು ಹೇಳಿದ. ಇನ್ನೂ ಹಸಿ ಐತೆ ಕಣಣ್ಣ ಎಂದು ಇವನು ಒಂದಲ್ಲ ಮೂರು ಸಲ ಹೇಳಿದ್ದಾನೆ. ಹೆದರುಪುಕ್ಕಲ ಎಂದು ಮೇಸ್ತ್ರಿ ನಕ್ಕ. ಇವನು ಮೇಲೆ ನಿಂತು ಹಲಗೆ ಎತ್ತಿಕೊಳ್ಳುವಾಗ ಕೆಳಗಿನವನು ಕೊನೆಯ ಕಂಬ ಎಳೆದ. ಬಾಲ್ಕನಿಯೇ ಇವನನ್ನು ಹೊತ್ತುಕೊಂಡು ಕೆಳಗೆ ಬಂತು. ಹೆಂಡತಿ ಮೊರ ಕೆಳಗಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡು ಕೂತಳು.

"ಇದನ್ನ ಮೊದ್ಲೇ ಹೇಳಬಾರದಿತ್ತೇನೋ?" ಎಂದೆ. ಕೇಳಬಾರದಾಗಿತ್ತು.

"ಸ್ಟ್ರೆಚರ್ ಮ್ಯಾಲೆ ಹೇಳಾಕೇ ಬಂದೆ ಕಣಕ್ಕ. ನೀನು ಸುಮ್ನಿರು ಅಂದೆ. ಸುಮ್ನಾದೆ."

ಅವನು ದೂರುತ್ತಿರಲಿಲ್ಲ. ನಡೆದದ್ದನ್ನು ಹೇಳಿದ, ಅಷ್ಟೆ.

ನಾನು ಬ್ಯಾಗಿನಿಂದ ಬಿಳಿ ಹಾಳೆ ತೆಗೆದೆ. ಎಂದಿನ ದುಂಡನೆಯ ಅಕ್ಷರದಲ್ಲಿ 'ಮಾನ್ಯರೇ' ಎಂದು ಬರೆದೆ. ಆಸ್ಪತ್ರೆಯಲ್ಲಿ ನಾನು ಹೇಳಿದ್ದು ಸುಳ್ಳು ಎಂದು ಬರೆದೆ. ಮುಂದಿನ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿದೆ. ತಮ್ಮನಿಗೆ ಮೊದಲಿನಿಂದ ಇನ್ನೊಮ್ಮೆ ಹೇಳು ಎಂದೆ. ಈ ಸಲ ಅವನು ಹೇಳಿ ಮುಗಿಸುವ ತನಕ ನಾನು ಬಾಯಿ ತೆರೆಯಲಿಲ್ಲ.