ನೇರಳೆ ಚಕ್ರದ ಬುಗುರಿ

ನಮ್ಮ ಭಾವ ಮತ್ತೆ ಬುಗುರಿ ಕೊಳ್ಳಲು ಶುರುಮಾಡಿದ್ದಾರೆ ಎಂದು ಗೊತ್ತಾದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ನಲವತ್ತಾರು ವರ್ಷದ ಗಂಡಸು, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ಮೆಕ್ಯಾನಿಕ್, ಕೈಕೆಳಗೆ ನಾಲ್ಕು ಜನ. ಅಂಥವರು ರಜೆಯ ದಿನ ಹಳೆ ಸಾಮಾನಿನ ಅಂಗಡಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಯಾರದೋ ಮಕ್ಕಳು ಆಡಿ ಬಿಸಾಕಿದ ಆಟಿಕೆಗಳ ರಾಶಿಯಲ್ಲಿ ಕೈಯಾಡಿಸುತ್ತಿದ್ದರಂತೆ. ಹೇಳಿದವನು ನನ್ನ ಜೆರಾಕ್ಸ್ ಅಂಗಡಿಯ ಪಕ್ಕದ ಚಪ್ಪಲಿಯವನು. ಅವನು ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ.

ಇವು ದಾರ ಸುತ್ತಿ ಎಸೆಯುವ ಮರದ ಬುಗುರಿಗಳಲ್ಲ. ಈಗಿನ ಮಕ್ಕಳದು, ಬಿಚ್ಚಿ ಜೋಡಿಸುವಂಥದ್ದು. ಮೇಲೆ ಹಲ್ಲುಹಲ್ಲಾದ ಪ್ಲಾಸ್ಟಿಕ್ ಚಕ್ರ, ನಡುವೆ ಭಾರಕ್ಕೊಂದು ಲೋಹದ ಬಿಲ್ಲೆ, ಕೆಳಗೆ ನೆಲಕ್ಕೆ ತಾಗುವ ಮೊನೆ. ಮೂರನ್ನೂ ಒತ್ತಿ ತಿರುವಿದರೆ ಕಟಕ್ ಎಂದು ಕೂತುಕೊಳ್ಳುತ್ತವೆ. ಒಂದರ ಚಕ್ರಕ್ಕೆ ಇನ್ನೊಂದರ ಬಿಲ್ಲೆ, ಮತ್ತೊಂದರ ಮೊನೆ, ಹೇಗೆ ಬೇಕಾದರೂ ಹಾಕಬಹುದು. ಲಾಂಚರ್ ಎಂಬ ಹಿಡಿಕೆಗೆ ಸಿಕ್ಕಿಸಿ ಅದರ ಹಲ್ಲಿನ ಪಟ್ಟಿ ಎಳೆದರೆ ಬೋಗುಣಿಯೊಳಗೆ ಬಿದ್ದು ತಿರುಗುತ್ತದೆ. ಕೊನೆಯತನಕ ಯಾರ ಬುಗುರಿ ನಿಲ್ಲದೆ ತಿರುಗುತ್ತದೋ ಅವರು ಗೆದ್ದಂತೆ.

ಇಷ್ಟನ್ನೂ ನನಗೆ ಕಲಿಸಿದವಳು ಅಕ್ಕನ ಮಗಳು. ಸಣಕಲು ಹುಡುಗಿ, ನಾನು ಕಡ್ಡಿ ಎಂದೇ ಕರೆಯುತ್ತಿದ್ದೆ. ಅವಳೇನು ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುವವಳಲ್ಲ, ನನ್ನನ್ನು ಡ್ರಮ್ ಮಾಮ ಅನ್ನುತ್ತಿದ್ದಳು. ಅಪ್ಪ ಮಗಳು ಸೇರಿ ಹದಿನಾಲ್ಕು ಬುಗುರಿ ಕೂಡಿಹಾಕಿದ್ದರು. ಭಾನುವಾರ ಬಂತೆಂದರೆ ನಡುಮನೆಯಲ್ಲಿ ದೊಡ್ಡ ಸ್ಟೀಲ್ ಬೋಗುಣಿ ಇಟ್ಟುಕೊಂಡು ಇಬ್ಬರದೂ ಯುದ್ಧ. ಭಾವ ಸೋಲುವುದು ಕಡಿಮೆ. ಮಗಳೆಂದು ಬಿಟ್ಟುಕೊಡುವ ಜಾಯಮಾನವೂ ಅವರದಲ್ಲ.

ಕಡ್ಡಿಗೆ ಹನ್ನೊಂದು ತುಂಬಿದ ವರ್ಷ ರಕ್ತದ ಕಾಯಿಲೆ ಕಾಣಿಸಿಕೊಂಡಿತು. ಎರಡು ಸಲ ಆಸ್ಪತ್ರೆಗೆ ಸೇರಿಸಿದ್ದಾಯಿತು. ಮೂರನೆಯ ಸಲ ಸೇರಿಸುವ ಮುಂಚೆ ಮೂರು ವಾರ ಮನೆಯಲ್ಲಿದ್ದಳು. ಭಾವ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅವಳು ಒಂದು ಬುಗುರಿಯನ್ನು ತನಗೆ ಬೇಕಾದಂತೆ ಜೋಡಿಸಿ, ದಿನವೆಲ್ಲ ಆಡಿಸಿ ಪಳಗಿಸಿದ್ದಳು. ಸಂಜೆ ಅಪ್ಪ ಬಂದರೆ ಅದನ್ನು ಮುಷ್ಟಿಯಲ್ಲಿ ಹಿಡಿದು ಮೇಲಿನ ನೇರಳೆ ಚಕ್ರ ಮಾತ್ರ ತೋರಿಸುವುದು. ಕೆಳಗಿನದು ಗುಟ್ಟು. ವಾಪಸ್ ಬಂದ ಮೇಲೆ ಇದರಲ್ಲೇ ಫೈನಲ್, ನಿನ್ನನ್ನು ಸೋಲಿಸುತ್ತೇನೆ ನೋಡು ಎಂದಳಂತೆ. ಬುಗುರಿಯನ್ನು ಡಬ್ಬಿಗೆ ಹಾಕಿ, ತಾನೇ ಮುಚ್ಚಳ ಮುಚ್ಚಿ ಹೋದಳು. ಅವಳು ವಾಪಸ್ ಬರಲಿಲ್ಲ. ಡಬ್ಬಿಯನ್ನು ಯಾರೋ ಅಟ್ಟದ ಮೇಲೆ ಎಸೆದರು. ಆ ಮನೆಯಲ್ಲಿ ಎರಡು ವರ್ಷ ಯಾರೂ ಆ ಮಾತೆತ್ತಲಿಲ್ಲ.

ಎತ್ತಿದವನು ನಾನೇ. ಅಟ್ಟದಿಂದ ಹಳೆ ಫ್ಯಾನ್ ಇಳಿಸಲು ಹೋದಾಗ ಡಬ್ಬಿ ಕೈಗೆ ಸಿಕ್ಕಿತು. ತೆಗೆದರೆ ಒಳಗೆ ಯಾವುದೋ ಔಷಧಿ ಚೆಲ್ಲಿ ಎಲ್ಲವೂ ಅಂಟಂಟು, ಮೇಲೆ ಜೇಡರಬಲೆ. ಇದನ್ನು ಹೀಗೆ ಕೊಳೆಸುವ ಬದಲು ತೊಳೆದು ಯಾವುದಾದರೂ ಮಕ್ಕಳಿಗೆ ಕೊಡಬಾರದೇ ಎಂದೆ. ನನ್ನ ಬಾಯಿ ಯಾವಾಗಲೂ ಹಾಗೆ, ಮುಂದೆ ಓಡುತ್ತದೆ, ಬುದ್ಧಿ ಹಿಂದಿನಿಂದ ಬರುತ್ತದೆ. ಭಾವ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡರು.

ಕೆಲಸಗಾರನ ಕೈಗೆ ಕೆಲಸ ಸಿಕ್ಕಿತು. ಕಾರ್ಖಾನೆಯಲ್ಲಿ ಹತ್ತು ಯಂತ್ರ ತೊಳೆಯಬೇಕಾದರೆ ಹತ್ತನ್ನೂ ಬಿಚ್ಚುತ್ತಾರೆ. ಬಾಬಿನ್ ಕೇಸುಗಳೆಲ್ಲ ಒಂದು ಟ್ರೇಗೆ, ಹುಕ್ಕುಗಳೆಲ್ಲ ಇನ್ನೊಂದಕ್ಕೆ, ತಿರುಪುಗಳೆಲ್ಲ ಮತ್ತೊಂದಕ್ಕೆ. ಯಾವುದು ಯಾವ ಯಂತ್ರದ್ದು ಎಂದು ಯಾರೂ ಕೇಳುವುದಿಲ್ಲ, ಎಲ್ಲ ಎಲ್ಲದಕ್ಕೂ ಕೂರುತ್ತವೆ. ಇಪ್ಪತ್ತೈದು ವರ್ಷದ ಅಭ್ಯಾಸ. ಭಾವ ಅದೇ ರೀತಿ ಹದಿನಾಲ್ಕು ಬುಗುರಿಯನ್ನೂ ಬಿಚ್ಚಿ, ಚಕ್ರಗಳನ್ನು ಒಂದು ತಟ್ಟೆಗೆ, ಬಿಲ್ಲೆಗಳನ್ನು ಒಂದಕ್ಕೆ, ಮೊನೆಗಳನ್ನು ಒಂದಕ್ಕೆ ಹಾಕಿ, ಸೋಪಿನ ನೀರಲ್ಲಿ ತೊಳೆದು, ಬಿಳಿ ಬಟ್ಟೆಯ ಮೇಲೆ ಸಾಲಾಗಿ ಒಣಗಲು ಇಟ್ಟರು. ಅಚ್ಚುಕಟ್ಟೆಂದರೆ ಅಚ್ಚುಕಟ್ಟು. ಸೀಳಿದ್ದ ಒಂದು ಮೊನೆಯನ್ನು ಗುಜರಿಯೆಂದು ಬೆಂಕಿಪೊಟ್ಟಣಕ್ಕೆ ಹಾಕಿ ಪಕ್ಕಕ್ಕಿಟ್ಟರು. ಆಮೇಲೆ ನೇರಳೆ ಚಕ್ರ ಕೈಗೆತ್ತಿಕೊಂಡಾಗ ಅವರಿಗೆ ಹೊಳೆಯಿತು. ಮಗಳು ಕೊನೆಯದಾಗಿ ಕೈಯಾರೆ ಜೋಡಿಸಿಟ್ಟಿದ್ದನ್ನು ತಾನು ಕೈಯಾರೆ ಬಿಚ್ಚಿಬಿಟ್ಟಿದ್ದೇನೆ.

ನಾನು ಆಗ ಅಲ್ಲೇ ಇದ್ದೆ. ಅವರು ನೇರಳೆ ಚಕ್ರ ಹಿಡಿದುಕೊಂಡೇ ಬಟ್ಟೆಯ ಮೇಲಿನ ತುಂಡುಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಮಗಳನ್ನು ಕಳಿಸಿ ಬಂದ ದಿನವೂ ಆ ಮುಖ ಅಷ್ಟು ಇಳಿದಿರಲಿಲ್ಲ.

ಅಲ್ಲಿಂದ ಅವರಿಗೆ ಬೇರೆ ಏನೂ ಬೇಡವಾಯಿತು. ನೇರಳೆ ಚಕ್ರದ ಕೆಳಗೆ ಯಾವ ಬಿಲ್ಲೆ ಇತ್ತು, ಯಾವ ಮೊನೆ ಇತ್ತು, ಅದನ್ನು ಕಂಡುಹಿಡಿಯಬೇಕು. ಹದಿನಾಲ್ಕು ಬಿಲ್ಲೆಗೆ, ಗುಜರಿಗೆ ಹಾಕಿದ್ದು ಬಿಟ್ಟು ಹದಿಮೂರು ಮೊನೆ, ನೂರ ಎಂಬತ್ತೆರಡು ಜೋಡಿ. ಅಕ್ಕನನ್ನು ಕೇಳಬಹುದಲ್ಲ ಎಂದೆ. ಅವಳು ಅದನ್ನು ಕಣ್ಣೆತ್ತಿಯೂ ನೋಡಿದವಳಲ್ಲ, ಅವಳಿಗೇನು ಗೊತ್ತು, ಎಂದರು ಭಾವ. ಅದೂ ನಿಜವೇ. ಅಕ್ಕನಿಗೆ ಆ ಆಟವೆಂದರೆ ಆಗುತ್ತಿರಲಿಲ್ಲ. ಈಗಂತೂ ಬೋಗುಣಿ ನೆಲಕ್ಕಿಟ್ಟ ಸದ್ದು ಕೇಳಿದರೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು, ಭಾವ ಅದನ್ನು ಎತ್ತಿಡುವ ತನಕ ಹೊರಗೆ ಬರುತ್ತಿರಲಿಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

ಹಳೆ ಬುಗುರಿಗಳನ್ನು ಭಾವ ಕೊಳ್ಳುತ್ತಿದ್ದುದು ಇದಕ್ಕೇ. ಆಡಿ ಸವೆದವು ಬೇಕಾಗಿದ್ದವು ಅವರಿಗೆ, ಹೊಸದು ಬೇಡ. ಯಾವ ಬಿಲ್ಲೆ ಯಾವ ಚಕ್ರಕ್ಕೆ ಉಜ್ಜಿದರೆ ಎಂಥ ಗೀರು ಬೀಳುತ್ತದೆ, ಚೂಪು ಮೊನೆ ಎಷ್ಟು ದಿನಕ್ಕೆ ಮೊಂಡಾಗುತ್ತದೆ, ಇದನ್ನೆಲ್ಲ ಬೇರೆ ಮಕ್ಕಳ ಬುಗುರಿಗಳನ್ನು ಬಿಚ್ಚಿ ಕಲಿಯುತ್ತಿದ್ದರು. ಕಾರ್ಖಾನೆಯಿಂದ ತಂದ ಮಸೂರ ಕಣ್ಣಿಗಿಟ್ಟುಕೊಂಡು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯುತ್ತಿದ್ದರು. ಮೂರು ತಿಂಗಳಲ್ಲಿ ಹದಿನಾಲ್ಕಿದ್ದದ್ದು ಐವತ್ತು ದಾಟಿತು. ಮೊದಲು ಕಪಾಟಿನ ಒಂದು ಅರೆ, ಆಮೇಲೆ ಎರಡು, ಆಮೇಲೆ ಮಗಳು ಮಲಗುತ್ತಿದ್ದ ಮಂಚದ ಕೆಳಗೆ. ಚೂಪು ಮೊನೆ ನಿಂತಲ್ಲೇ ತಿರುಗುತ್ತದೆ, ಚಪ್ಪಟೆಯದು ಬೋಗುಣಿ ತುಂಬ ಓಡಾಡುತ್ತದೆ, ದುಂಡಗೆ ಉರುಟಾದದ್ದು ಅಂಚಿಗೆ ಹೋಗಿ ಮೆಲ್ಲಗೆ ಮಧ್ಯಕ್ಕೆ ಬರುತ್ತದೆ ಎಂದು ನನಗೂ ಪಾಠ ಹೇಳುತ್ತಿದ್ದರು. ಹೂಂ ಹೂಂ ಎನ್ನುತ್ತಾ ಕೂತಿರುತ್ತಿದ್ದೆ. ಒಳಗೊಳಗೆ ಸಿಟ್ಟು. ಪಕ್ಕದ ಕೋಣೆಯಲ್ಲಿ ಹೆಂಡತಿ ಕಲ್ಲಾಗುತ್ತಿದ್ದಾಳೆ, ಇವರಿಗೆ ಬಿಲ್ಲೆಯ ಗೀರಿನ ಚಿಂತೆ.

ಬಿಲ್ಲೆ ಸಿಕ್ಕಿತು, ಅದನ್ನು ಒಪ್ಪಬೇಕು. ನೇರಳೆ ಚಕ್ರದ ಅಡಿಯಲ್ಲಿ ಎರಡು ಕಡೆ ಉಜ್ಜಿದ ಗುರುತಿತ್ತು. ಅದಕ್ಕೆ ಸರಿಯಾಗಿ ಒಂದೇ ಒಂದು ಬಿಲ್ಲೆಯ ಮೇಲೆ ನೇರಳೆ ಬಣ್ಣದ ಕೂದಲೆಳೆಯಷ್ಟು ಗೆರೆ ಹತ್ತಿತ್ತು. ಆದರೆ ಮೊನೆ ಕೈಕೊಟ್ಟಿತು. ಒಂದೊಂದನ್ನೂ ಹಾಕಿ, ತಿರುಗಿಸಿ, ಗಡಿಯಾರ ನೋಡಿ ಹೊತ್ತು ಬರೆದರು. ನುಣ್ಣಗೆ, ಸದ್ದಿಲ್ಲದೆ, ಎಲ್ಲಕ್ಕಿಂತ ಹೆಚ್ಚು ಹೊತ್ತು ತಿರುಗಿದ್ದು ಉರುಟು ಮೊನೆಯದು. ಇದೇ ಇರಬೇಕು, ತನ್ನನ್ನು ಸೋಲಿಸುವಂಥದ್ದು ಇದೊಂದೇ, ಎಂದರು. ಅಂದರೂ ಮನಸ್ಸು ಒಪ್ಪಲಿಲ್ಲ. ಮತ್ತೆ ಬಿಚ್ಚಿದರು, ಮತ್ತೆ ಹಾಕಿದರು.

ಒಂದು ಭಾನುವಾರ ಮಧ್ಯಾಹ್ನ ನನ್ನ ಸಹನೆಯ ಕಟ್ಟೆ ಒಡೆಯಿತು. ಅಕ್ಕ ಊಟಕ್ಕೆ ಕರೆದಿದ್ದಳೆಂದು ಹೋಗಿದ್ದೆ. ಅಕ್ಕ ಎಲ್ಲರಿಗೂ ಬಡಿಸಿ, ತಾನು ಎರಡು ತುತ್ತು ತಿಂದ ಶಾಸ್ತ್ರ ಮಾಡಿ ಎದ್ದಳು. ಭಾವ ಕೈ ತೊಳೆದವರೇ ಬೋಗುಣಿ ಎಳೆದುಕೊಂಡರು. ಅವಳು ಅಡುಗೆಮನೆಗೆ ಹೋದಳು, ಒಳಗೆ ನಲ್ಲಿ ತಿರುವಿದ ಸದ್ದಾಯಿತು. ಭಾವ ನನಗೆ ನೋಟ್‌ಬುಕ್ ತೋರಿಸಿ, ಉರುಟು ಮೊನೆಯಲ್ಲಿ ನಲವತ್ತು ಸೆಕೆಂಡ್ ಜಾಸ್ತಿ ಬರುತ್ತದೆ, ಯಾರೇ ಆದರೂ ಇದನ್ನೇ ಆರಿಸುತ್ತಿದ್ದರು, ಎಂದು ಶುರುಮಾಡಿದರು.

“ಭಾವ, ಅವಳೇನ್ ಮೆಕ್ಯಾನಿಕ್ಕಾ?” ಎಂದೆ. “ಹನ್ನೊಂದ್ ವರ್ಷದ್ ಹುಡುಗಿ. ನೀವ್ ಯಾವುದನ್ನ ಆರಿಸ್ತಿದ್ರಿ ಅಂತ ಹುಡುಕ್ತಾ ಇದೀರ. ಅವಳನ್ನ ಎಲ್ ಹುಡುಕಿದ್ರಿ?”

ಹೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡೆ. ಭಾವ ಮಾತ್ರ ಸಿಟ್ಟಾಗಲಿಲ್ಲ. ನೋಟ್‌ಬುಕ್ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ ಎದ್ದು ಕಪಾಟಿನ ಮೂಲೆಯಿಂದ ಆ ಬೆಂಕಿಪೊಟ್ಟಣ ತಂದರು. ಸೀಳಿದ ಮೊನೆಯನ್ನು ಅಂಗೈಗೆ ಸುರಿದುಕೊಂಡು ಮಸೂರ ಹಿಡಿದರು. ಮೊದಲ ದಿನ ಅದನ್ನು ಗುಜರಿಗೆ ಹಾಕಿದವರು ಮೂರು ತಿಂಗಳಲ್ಲಿ ಒಮ್ಮೆಯೂ ಹೊರಗೆ ತೆಗೆದಿರಲಿಲ್ಲ. ಮುರಿದದ್ದನ್ನು ಲೆಕ್ಕಕ್ಕೆ ಹಿಡಿಯುವುದು ಅವರ ಕೆಲಸದಲ್ಲಿಲ್ಲ.

ಅವರು ಮಸೂರವನ್ನು ನನ್ನ ಕೈಗೆ ಕೊಟ್ಟು ನೋಡೆಂದರು. ಹೊಸದಾಗಿ ಸೀಳಿದ ಪ್ಲಾಸ್ಟಿಕ್ಕಿನ ಅಂಚು ಚೂಪಾಗಿ, ಬೆಳ್ಳಗೆ ಇರುತ್ತದಂತೆ. ಇದರ ಅಂಚು ನುಣುಪಾಗಿ ಸವೆದು ಹೊಳೆಯುತ್ತಿತ್ತು.

“ಸೀಳಿದ್ ಮೇಲೂ ಆಡ್ಸಿದಾಳೆ,” ಎಂದರು ಭಾವ. “ದಿನಗಟ್ಲೆ ಆಡ್ಸಿದಾಳೆ.”

ಅವರು ನೇರಳೆ ಚಕ್ರವನ್ನೂ ಅದರ ಬಿಲ್ಲೆಯನ್ನೂ ಎತ್ತಿಕೊಂಡರು. ನೂರಾರು ಸೂಜಿ ಪೋಣಿಸುವ ಕೈ, ಮೂರು ತುಂಡು ಜೋಡಿಸಲು ಎರಡು ಸಲ ತಪ್ಪಿತು. ಕೊನೆಗೆ ಕಟಕ್ ಎಂದು ಕೂತಿತು. ಲಾಂಚರಿಗೆ ಸಿಕ್ಕಿಸಿ ಪಟ್ಟಿ ಎಳೆದರು.

ಅದು ಬುಗುರಿ ತಿರುಗುವ ಹಾಗೆ ತಿರುಗಲೇ ಇಲ್ಲ. ಒಂದು ಕಡೆ ವಾಲಿಕೊಂಡು ಬೋಗುಣಿಯ ಅಂಚಿಗೆ ಟಕಟಕಟಕ ಎಂದು ಬಡಿಯುತ್ತಾ, ಕುಂಟುತ್ತಾ, ಹುಚ್ಚು ಹಿಡಿದಂತೆ ಎಲ್ಲೆಂದರಲ್ಲಿ ನೆಗೆಯುತ್ತಾ ಓಡಿತು. ಕಿವಿಗೆ ಹಿಂಸೆಯಾಗುವಂಥ ಸದ್ದು. ಎದುರಿಗೆ ಇನ್ನೊಂದು ಬುಗುರಿ ಇದ್ದಿದ್ದರೆ, ಇದು ಯಾವ ಕಡೆಯಿಂದ ಬಂದು ಗುದ್ದುತ್ತದೆಂದು ಆ ದೇವರಿಗೂ ತಿಳಿಯುತ್ತಿರಲಿಲ್ಲ. ಇದೂ ಅಲ್ಲ ಎಂದುಕೊಂಡೆ ನಾನು. ಇಂಥ ದರಿದ್ರ ಸದ್ದಿನದನ್ನು ಯಾರು ಇಟ್ಟುಕೊಳ್ಳುತ್ತಾರೆ.

ಅಷ್ಟರಲ್ಲಿ ಅಡುಗೆಮನೆಯಿಂದ ಅಕ್ಕನ ದನಿ ಬಂತು. ಗಟ್ಟಿ ದನಿ, ರೇಗಿದ ದನಿ. ಎರಡು ವರ್ಷದಿಂದ ಆ ಗಂಟಲಲ್ಲಿ ಇಲ್ಲದೇ ಹೋಗಿದ್ದ ದನಿ.

“ಸಾಕ್ ನಿಲ್ಸೇ ಅದನ್ನ. ಬೆಳಿಗ್ಗೆಯಿಂದ ತಲೆ ಚಿಟ್ ಹಿಡ್ದೋಯ್ತು. ಬಂದು ಮಾತ್ರೆ ತಗೊ.”

ನಾವಿಬ್ಬರೂ ಅಡುಗೆಮನೆಯ ಕಡೆ ತಿರುಗಿದೆವು. ಬುಗುರಿ ಇನ್ನೂ ಬಡಿಯುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆಯೊಂದು ಕೈಜಾರಿ ಬಿತ್ತು. ನಲ್ಲಿಯ ನೀರು ಹರಿಯುತ್ತಲೇ ಇತ್ತು.

ಅಕ್ಕ ಬಾಗಿಲಿಗೆ ಬಂದಳು. ಮೊಣಕೈತನಕ ಸೋಪಿನ ನೊರೆ, ಒಂದು ಕೈ ಬಾಯಿಯ ಮೇಲೆ. ಭಾವ ಅವಳ ಮುಖ ನೋಡಿದರು. ಏನೂ ಕೇಳುವ ಅಗತ್ಯವಿರಲಿಲ್ಲ. ಮೂರು ವಾರ, ಬೆಳಗಿನಿಂದ ಸಂಜೆಯತನಕ, ಆ ಸದ್ದನ್ನು ಕೇಳಿದವಳು ಅವಳೊಬ್ಬಳೇ. ನಾವಿಬ್ಬರು ಬುದ್ಧಿವಂತರು ಕಣ್ಣಿಗೆ ಮಸೂರ ಹಿಡಿದು ಹುಡುಕಿದ್ದು, ಪಕ್ಕದ ಕೋಣೆಯಲ್ಲಿ ಅವಳ ಕಿವಿಯೊಳಗೆ ಇತ್ತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಬುಗುರಿ ಸುಸ್ತಾಗಿ ಎರಡು ಸುತ್ತು ಹೊರಳಿ ಮಗ್ಗುಲಾಯಿತು. ಅಕ್ಕ ಬೋಗುಣಿಯ ಪಕ್ಕ ಕುಸಿದು ಕೂತಳು. ಭಾವ ಅಭ್ಯಾಸಬಲದಿಂದ ಅದನ್ನು ಎತ್ತಿಕೊಂಡರು. ಒಂದು ಕೈ ಚಕ್ರದ ಮೇಲೆ, ಇನ್ನೊಂದು ಮೊನೆಯ ಮೇಲೆ ಹೋಯಿತು. ಅಕ್ಕ ನೊರೆಗೈಯಲ್ಲೇ ಅವರ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

“ಬಿಚ್ಬೇಡಿ,” ಎಂದಳು.